ಸುಧನ್ವನ ಲ್ಯಾಪ್‌ಟಾಪಿಗೆ ಆಯುಧ ಪೂಜೆ

ಸ್ನಾನ ಮುಗಿಸಿ ಟವೆಲ್ಲಿನಲ್ಲಿ ತಲೆ ಒರೆಸಿಕೊಳ್ಳುತ್ತ ಬಂದ ಸುಧನ್ವನಿಗೆ ಮೇಜಿನ ಮೇಲೆ ಕಂಡದ್ದು ಚಾರ್ಜರ್ ಮಾತ್ರ. ಅದರ ತುದಿಯಲ್ಲಿ ಇರಬೇಕಾಗಿದ್ದ ಲ್ಯಾಪ್‌ಟಾಪ್ ಇರಲಿಲ್ಲ.

"ಅಪೂರ್ವ, ನನ್ ಲ್ಯಾಪ್‌ಟಾಪ್ ಎಲ್ಲೇ?"

"ಚಂದ್ರಪ್ರಭಾ ಆಂಟಿ ಮನೆ ಗ್ಯಾರೇಜಲ್ಲಿ," ಎಂದಳು ಹೆಂಡತಿ, ಅಡುಗೆಮನೆಯಿಂದಲೇ. "ಇವತ್ತು ಆಯುಧ ಪೂಜೆ ಅಲ್ವಾ? ಮಿಕ್ಸಿ, ವ್ಯಾಕ್ಯೂಮ್ ಕ್ಲೀನರ್, ನಿಮ್ ಲ್ಯಾಪ್‌ಟಾಪ್ ಎಲ್ಲಾ ಕೊಟ್ಟು ಬಂದೆ. ನಾಳೆ ವಿಜಯದಶಮಿ ಪೂಜೆ ಆದ್ಮೇಲೆ ವಾಪಸ್ ಕೊಡ್ತಾರೆ."

ಸುಧನ್ವ ಟವೆಲ್ಲನ್ನು ಕೈಬಿಟ್ಟ. ಪುಣ್ಯಕ್ಕೆ ಅದು ತಲೆ ಒರೆಸುತ್ತಿದ್ದ ಟವೆಲ್.

"ನಾಳೆನಾ? ಇವತ್ತು ನನಗೆ ಎಂಥಾ ದಿನ ಅಂತ ಗೊತ್ತೇನೇ?"

"ಗೊತ್ತಿರೋದಕ್ಕೇ ಕೊಟ್ಟಿದ್ದು ರೀ. ಕೆಲಸಕ್ಕೆ ಕುತ್ತು ಬಂದಿದೆ ಅಂತ ಒಂದು ವಾರದಿಂದ ಹಾಸಿಗೇಲಿ ಹೊರಳಾಡ್ತಿದೀರಲ್ಲ. ದೇವರ ಗಮನಕ್ಕೂ ಬರ್ಲಿ ಅಂತ."

ಕುತ್ತು ಬಂದಿದ್ದದ್ದು ನಿಜ. ಸಿಡ್ನಿಯ ಪರಮಟ್ಟಾದಲ್ಲಿದ್ದ ಒಂದು ವಿಮಾ ಕಂಪನಿಯಲ್ಲಿ ಸುಧನ್ವ ಡೇಟಾಬೇಸ್ ನೋಡಿಕೊಳ್ಳುವವನು. ಗಿರಾಕಿಗಳ ಹೆಸರು, ವಿಳಾಸ, ಪಾಲಿಸಿ ಎಲ್ಲವನ್ನೂ ತುಂಬಿಟ್ಟ ಆ ದೊಡ್ಡ ಕಣಜಕ್ಕೆ ಕಾವಲು ಕೂರುವುದು, ಅದು ಕುಂಟಿದರೆ ಎಣ್ಣೆ ಹಚ್ಚುವುದು, ಮಲಗಿದರೆ ಎಬ್ಬಿಸುವುದು ಅವನ ಕೆಲಸ. ಹತ್ತು ವರ್ಷಕ್ಕೂ ಮೇಲ್ಪಟ್ಟು ಇದನ್ನೇ ಮಾಡಿಕೊಂಡು ಅಲ್ಲೇ ಹತ್ತಿರದ ಗಿರಾವೀನಿನಲ್ಲಿ ಒಂದು ಮನೆ, ಅದರ ಮೇಲೊಂದು ಮಾರ್ಟ್‌ಗೇಜ್ ಸಾಲ, ಮಾರ್ಟ್‌ಗೇಜಿನ ಮೇಲೆ ತನ್ನ ನಿದ್ರೆ ಇಟ್ಟುಕೊಂಡಿದ್ದ. ಈಗ ಕಂಪನಿ ಕ್ಲೌಡ್‌ನಲ್ಲಿ ಹೊಸ ಡೇಟಾಬೇಸ್ ಸೇವೆಯೊಂದನ್ನು ಕೊಂಡಿತ್ತು. ಅದು ತನ್ನನ್ನು ತಾನೇ ನೋಡಿಕೊಳ್ಳುವಂಥದು. ಜನ ಹೆಚ್ಚಾದರೆ ತಾನೇ ಹಿಗ್ಗುತ್ತದೆ, ಕಡಿಮೆಯಾದರೆ ಕುಗ್ಗುತ್ತದೆ. ಮೈ ಬೆಚ್ಚಗಾಗುವ ಮೊದಲೇ ತಾನೇ ಔಷಧಿ ಕುಡಿಯುತ್ತದೆ. ಬಿದ್ದರೆ ಎದ್ದು, ಧೂಳು ಕೊಡವಿಕೊಂಡು, ಬಿದ್ದೆ ಎಂದು ವರದಿಯನ್ನೂ ಬರೆದಿಡುತ್ತದೆ. ಇಷ್ಟು ಸಂಸ್ಕಾರವಂತ ಯಂತ್ರಕ್ಕೆ ಪಾಲಕರಿಬ್ಬರು ಯಾಕೆ ಎಂಬ ಪ್ರಶ್ನೆ ಮೇಲಿನವರಿಗೆ ಬಂದದ್ದು ಸಹಜವೇ.

ಆ ಇಬ್ಬರೆಂದರೆ ಸಿಡ್ನಿಯಲ್ಲಿ ಸುಧನ್ವ, ಮೆಲ್ಬರ್ನಿನಲ್ಲಿ ವಿಕ್ರಮ್. ಮ್ಯಾನೇಜರ್ ಪ್ರಾರ್ಥನಾ ಹಿಂದಿನ ದಿನ ಇಬ್ಬರಿಗೂ ಒಟ್ಟಿಗೆ ಹೇಳಿದ್ದಳು: "ನಾಳೆ ಹೊಸ ಸಿಸ್ಟಮ್ ಲೈವ್ ಹೋಗತ್ತೆ. ಮನೆಯಿಂದಲೇ ಕೆಲಸ ಮಾಡಿ. ಯಾರು ಏನ್ ಮಾಡಿದ್ರಿ ಅನ್ನೋದೆಲ್ಲ ರೆಕಾರ್ಡ್ ಆಗ್ತಿರತ್ತೆ. ಸಂಜೆ ಐದಕ್ಕೆ ಅದನ್ನ ನೋಡಿ ಒಬ್ರನ್ನ ಸೆಲೆಕ್ಟ್ ಮಾಡ್ತೀನಿ. ಸಾರಿ, ಇರೋದು ಒಂದೇ ಸೀಟು."

ಕೆಲಸ ಹೆಚ್ಚು ಮಾಡಿದವನಿಗೆ ಸೀಟು ಎಂದು ಸುಧನ್ವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೈಸೂರಿನಲ್ಲಿ ಓದುವಾಗ, ಉತ್ತರ ಗೊತ್ತಿಲ್ಲದಿದ್ದರೂ ಮೊದಲು ಕೈ ಎತ್ತುತ್ತಿದ್ದ ಹುಡುಗ ಅವನು. ಇವತ್ತೂ ಬೆಳಗಿನಿಂದ ಸಂಜೆವರೆಗೆ ಡೇಟಾಬೇಸಿಗೆ ಕಮಾಂಡ್ ಮೇಲೆ ಕಮಾಂಡ್ ಕೊಟ್ಟು ತನ್ನ ಹೆಸರಿನಿಂದ ರೆಕಾರ್ಡನ್ನು ತುಂಬಿಬಿಡುವುದು ಎಂದು ತೀರ್ಮಾನಿಸಿದ್ದ. ಆದರೆ ಕಂಪನಿಯ ಡೇಟಾಬೇಸ್ ತೆರೆಯುವುದು ಕಂಪನಿಯ ಲ್ಯಾಪ್‌ಟಾಪಿನಲ್ಲಿ ಮಾತ್ರ. ಲ್ಯಾಪ್‌ಟಾಪ್ ಪೂಜೆಗೆ ಕೂತಿದೆ ಎಂದು ಪ್ರಾರ್ಥನಾಗೆ ಹೇಳಿದರೆ ಅವಳು ಐದು ಗಂಟೆಯವರೆಗೂ ಕಾಯುವುದಿಲ್ಲ.

ಅವನು ಅಂಗಿಯ ಗುಂಡಿಯನ್ನು ಅಡ್ಡಾದಿಡ್ಡಿ ಹಾಕಿಕೊಂಡು ಪಕ್ಕದ ಮನೆಗೆ ಓಡಿದ.

ದಾವಣಗೆರೆಯ ಚಂದ್ರಪ್ರಭಾ ಆಂಟಿ ಹೈಸ್ಕೂಲಿನಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ನಿವೃತ್ತಿಯಾದದ್ದು ಸರ್ಕಾರದ ಲೆಕ್ಕದಲ್ಲಿ ಮಾತ್ರ. ಅವರ ಗ್ಯಾರೇಜಿನಲ್ಲಿ ಆ ಬೀದಿಯ ಕನ್ನಡದವರ ಆಯುಧಗಳೆಲ್ಲ ಸಾಲಾಗಿ ಕೂತಿದ್ದವು: ನಡುವೆ ಕಾರು, ಅದರ ಸುತ್ತ ಲಾನ್ ಮೋವರ್, ಡ್ರಿಲ್, ಹೊಲಿಗೆ ಯಂತ್ರ, ಬಾರ್ಬೆಕ್ಯೂ, ಯಾರದೋ ಟ್ರೆಡ್‌ಮಿಲ್. ವರ್ಷವಿಡೀ ಯಾರೂ ಹತ್ತದ ಟ್ರೆಡ್‌ಮಿಲ್ಲಿಗೂ ಇವತ್ತು ವಿಶ್ರಾಂತಿ. ಪೆಂಡಲ್ ಹಿಲ್‌ನ ಇಂಡಿಯನ್ ಅಂಗಡಿಯಿಂದ ತಂದ ಚೆಂಡುಹೂವಿನ ಒಂದೇ ಉದ್ದನೆಯ ಸರ ಎಲ್ಲವನ್ನೂ ಬಳಸಿಕೊಂಡು ಹೋಗಿತ್ತು. ಸುಧನ್ವನ ಲ್ಯಾಪ್‌ಟಾಪ್ ಲಾನ್ ಮೋವರ್ ಮೇಲೆ ಮೂರು ಪಟ್ಟೆ ವಿಭೂತಿ ಬಳಿದುಕೊಂಡು ಕೂತಿತ್ತು.

"ಆಂಟಿ, ಸ್ವಲ್ಪ ಅರ್ಜೆಂಟು. ಲ್ಯಾಪ್‌ಟಾಪ್ ಬೇಕಿತ್ತು."

"ಪೂಜೆಗೆ ಇಟ್ಟ ಆಯುಧನ ನಾಳೆವರೆಗೂ ಮುಟ್ಟಂಗಿಲ್ಲಪ್ಪ," ಎಂದರು ಆಂಟಿ, ಹೋಂವರ್ಕ್ ಮಾಡದ ಹುಡುಗನನ್ನು ನೋಡುವ ಹಾಗೆ ನೋಡಿ. "ವರ್ಷಪೂರ್ತಿ ದುಡಿಸ್ಕೊಂತೀರಲ್ಲ, ಒಂದು ದಿನ ಅದಕ್ಕೂ ಬಿಡುವು ಬೇಡ್ವಾ?"

"ಆಫೀಸ್ ಕೆಲಸ ಆಂಟಿ. ಡೇಟಾಬೇಸ್ ನೋಡ್ಕೋಬೇಕು."

"ಅದೇನೋ ತನ್ನನ್ನ ತಾನೇ ನೋಡ್ಕೊಂತದಂತಲ್ಲ? ಅಪೂರ್ವ ಹೇಳಿದ್ಲು. ಮತ್ತೆ ನೀನೇನು ನೋಡ್ಕೊಳ್ಳೋದು?"

ಇಡೀ ಕಂಪನಿಯಲ್ಲಿ ಯಾರೂ ಇಷ್ಟು ನೇರವಾಗಿ ಕೇಳಿರಲಿಲ್ಲ. ಮೂಲೆಯಲ್ಲಿ ಸಿಂಹಾಸನದಂಥ ಕ್ಯಾಂಪಿಂಗ್ ಕುರ್ಚಿಯಲ್ಲಿ ಕೂತಿದ್ದ ಆಂಟಿಯ ಗಂಡ ಶಿವಲಿಂಗಪ್ಪನವರಿಗೆ ಕುತೂಹಲ ಹುಟ್ಟಿತು.

"ಕೆಟ್ಟೋದ್ರೆ ಯಾರು ರಿಪೇರಿ ಮಾಡ್ತಾರೆ?"

"ಅದೇ ಮಾಡ್ಕೊಳ್ಳತ್ತೆ ಅಂಕಲ್."

"ಖರ್ಚು ಜಾಸ್ತಿ ಆದ್ರೆ?"

"ಅದೇ ಕಡಿಮೆ ಮಾಡ್ಕೊಳ್ಳತ್ತೆ."

"ಅಂದ್ರೆ ನಮ್ ಅಳಿಯನಿಗಿಂತ ವಾಸಿ ಅನ್ನು," ಎಂದು ಶಿವಲಿಂಗಪ್ಪನವರು ನಿಟ್ಟುಸಿರು ಬಿಟ್ಟರು.

ಅಷ್ಟರಲ್ಲಿ ಸುಧನ್ವನ ಫೋನು ಬಡಿದುಕೊಂಡಿತು. ಮೆಲ್ಬರ್ನಿನಿಂದ ವಿಕ್ರಮ್.

"ಏನ್ ಗುರು, ಸದ್ದೇ ಇಲ್ಲ? ನಾನಂತೂ ಬೆಳಗ್ಗೆಯಿಂದ ಕುಟ್ತಾನೇ ಇದೀನಿ. ಆಗ್ಲೇ ನೂರು ಕಮಾಂಡ್ ದಾಟ್ತು. ನಿಂದೆಷ್ಟು?"

"ನಂದು... ಸ್ವಲ್ಪ ಪ್ಲಾನಿಂಗ್ ಹಂತದಲ್ಲಿದೆ," ಎಂದ ಸುಧನ್ವ.

ಫೋನಿಟ್ಟವನಿಗೆ ಒಂದು ವಾದ ಹೊಳೆಯಿತು. ಪೂಜೆಯ ಫೋಟೋ ತೆಗೆದು ಆಂಟಿ ದಾವಣಗೆರೆಗೆ ಕಳಿಸುತ್ತಿದ್ದರು.

"ಆಂಟಿ, ಹಾಗಾದ್ರೆ ನಿಮ್ ಫೋನು? ಅದು ಆಯುಧ ಅಲ್ವಾ?"

"ಅದು ಆಯುಧ ಅಲ್ಲ, ಅವಯವ," ಎಂದರು ಆಂಟಿ, ತಲೆಯೆತ್ತದೆ.

ವಾದದಲ್ಲಿ ಸೋತವನಿಗೆ ಉಳಿದದ್ದು ಕಳ್ಳತನ. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರೂ ಒಳಗೆ ಹೋದದ್ದನ್ನು ನೋಡಿ ಸುಧನ್ವ ಗ್ಯಾರೇಜಿಗೆ ನುಗ್ಗಿದ. ಕೆನ್ನೆ ಬಡಿದುಕೊಂಡು, ದೇವರಲ್ಲಿ ಕ್ಷಮೆ ಕೇಳಿ, ಲ್ಯಾಪ್‌ಟಾಪ್ ಎತ್ತಿಕೊಂಡು ಎರಡು ಹೆಜ್ಜೆ ಇಟ್ಟ. ಹಿಂದಿನಿಂದ ಯಾರೋ ಎಳೆದಂತಾಯಿತು. ತಿರುಗಿ ನೋಡಿದರೆ ಲಾನ್ ಮೋವರ್ ಅವನ ಹಿಂದೆಯೇ ಬರುತ್ತಿತ್ತು, ಅದರ ಹಿಂದೆ ವ್ಯಾಕ್ಯೂಮ್ ಕ್ಲೀನರ್. ಆ ಹೂವಿನ ಸರವನ್ನು ಆಂಟಿ ನೂಲಿನಿಂದ ಕಟ್ಟಿರಲಿಲ್ಲ, ಬಟ್ಟೆ ಒಣಹಾಕುವ ನೈಲಾನ್ ಹಗ್ಗದಿಂದ ಕಟ್ಟಿದ್ದರು. ಸುಧನ್ವ ಜಗ್ಗಿದ. ಡ್ರಿಲ್ ಹೋಗಿ ಕಾರಿಗೆ ಬಡಿಯಿತು. ಕಾರು ಇಡೀ ಗಿರಾವೀನಿಗೆ ಕೇಳುವ ಹಾಗೆ ಕೂಗಿಕೊಂಡಿತು.

ಅನ್ನದ ಕೈಯಲ್ಲೇ ಎಲ್ಲರೂ ಓಡಿಬಂದರು. ಲ್ಯಾಪ್‌ಟಾಪನ್ನು ಎದೆಗೊತ್ತಿಕೊಂಡು, ಹೂವಿನ ಸರಕ್ಕೆ ಸಿಕ್ಕಿಕೊಂಡು ನಿಂತಿದ್ದ ಸುಧನ್ವನ ಬಾಯಿಗೆ ಬಂದದ್ದು ಒಂದೇ ಮಾತು.

"ಪ್ರದಕ್ಷಿಣೆ ಹಾಕ್ತಿದ್ದೆ ಆಂಟಿ."

"ಲ್ಯಾಪ್‌ಟಾಪ್ ಎತ್ಕೊಂಡು?"

"ಅದಕ್ಕೂ ಪುಣ್ಯ ಬರ್ಲಿ ಅಂತ."

ಅಪೂರ್ವ ಗಂಡನನ್ನು ಸುಟ್ಟುಬಿಡುವಂತೆ ನೋಡಿದಳು. ಆಂಟಿಯ ಕಣ್ಣು ಮಾತ್ರ ತುಂಬಿಬಂತು. "ನೋಡ್ರಿ, ಈಗಿನ ಹುಡುಗರಲ್ಲಿ ಭಕ್ತಿ ಇಲ್ಲ ಅಂತೀರಲ್ಲ! ಸಾಯಂಕಾಲದ ಪೂಜೆಗೆ ಇವನೇ ಮುಂದೆ ನಿಂತ್ಕೊಳ್ಳಿ."

ಅಲ್ಲಿಂದಾಚೆ ಆಂಟಿ ಸುಧನ್ವನನ್ನು ಒಂದು ಕ್ಷಣವೂ ಬಿಡಲಿಲ್ಲ. ಲ್ಯಾಪ್‌ಟಾಪ್ ಮತ್ತೆ ಸ್ವಸ್ಥಾನಕ್ಕೆ ಹೋಯಿತು. ಅವನು ನಿಂಬೆಹಣ್ಣು ಕೊಯ್ದ, ಕೋಸಂಬರಿಗೆ ಸೌತೆಕಾಯಿ ಹೆಚ್ಚಿದ, ಬಂದವರ ಕಾರುಗಳಿಗೆಲ್ಲ ಕುಂಕುಮ ಇಟ್ಟ. ಶಿವಲಿಂಗಪ್ಪನವರ ಭುಜಕ್ಕೆ ಆಪರೇಷನ್ ಆಗಿದ್ದರಿಂದ ಬೂದುಗುಂಬಳಕಾಯಿ ಒಡೆಯುವ ಗೌರವವೂ ಅವನಿಗೇ ಬಂತು. ಮೊದಲನೆಯ ಏಟಿಗೆ ಕಾಯಿ ಪುಟಿದು ಡ್ರೈವ್‌ವೇ ಇಳಿದು ಓಡಿತು. ಅಟ್ಟಿಸಿಕೊಂಡು ಹೋಗಿ ಎರಡನೆಯ ಏಟು ಹಾಕಿದ. ಅದು ಒಡೆಯಿತು, ಅದರ ತಿರುಳಿನ ಮೇಲೆ ಕಾಲಿಟ್ಟು ಇವನೂ ಬಿದ್ದ. ಬಿದ್ದಲ್ಲಿಂದಲೇ ಗಡಿಯಾರ ನೋಡಿದ. ನಾಲ್ಕೂವರೆ ಆಗಿತ್ತು. ಹತ್ತು ವರ್ಷದ ನೌಕರಿ ಕುಂಬಳಕಾಯಿಯ ಜೊತೆ ಹರಿದುಹೋಗುತ್ತಿದೆ ಎನಿಸಿ ಅವನಿಗೆ ನಿಜಕ್ಕೂ ಅಳು ಬಂತು.

ಕೊನೆಗೆ ಮಂಗಳಾರತಿ ಶುರುವಾಯಿತು. ಪೂಜೆಯ ಗಂಟೆ ಮೊಳಗಿತು. ಆಂಟಿ ಹಾಡು ಹಿಡಿದರು, ಎಲ್ಲರೂ ಕಣ್ಣು ಮುಚ್ಚಿದರು. ಕೋಸಂಬರಿಗೆ ಬಳಸಿದ ಚಾಕು ಸುಧನ್ವನ ಜೇಬಿನಲ್ಲೇ ಇತ್ತು. ಒಂದೇ ಏಟಿಗೆ ಹಗ್ಗ ಕತ್ತರಿಸಿ, ಲ್ಯಾಪ್‌ಟಾಪನ್ನು ಅಂಗಿಯೊಳಗೆ ತೂರಿಸಿಕೊಂಡು, ಆಂಟಿಯ ಮನೆಯ ಲಾಂಡ್ರಿ ಕೋಣೆಗೆ ನುಗ್ಗಿ ಚಿಲಕ ಹಾಕಿದ.

ವಾಷಿಂಗ್ ಮಷೀನ್ ಮೇಲೆ ಲ್ಯಾಪ್‌ಟಾಪ್ ಇಟ್ಟು ತೆರೆದ. ಪಕ್ಕದ ತನ್ನ ಮನೆಯ ವೈಫೈ ಗೋಡೆ ದಾಟಿ ಅಲ್ಲಿಗೂ ಸಿಗುತ್ತಿತ್ತು. ಅದು ಅವನ ಮುಖ ಗುರುತಿಸಬೇಕು, ಗುರುತಿಸಲಿಲ್ಲ. ಅದರ ಕ್ಯಾಮೆರಾದ ಮೇಲೆ ಗಂಧ, ಇವನ ಮೂಗಿನವರೆಗೂ ಕುಂಕುಮ. ಯಾರದೋ ಒದ್ದೆ ಬನಿಯನ್ನಿನಿಂದ ಇಬ್ಬರ ಮುಖವನ್ನೂ ಒರೆಸಿದ ಮೇಲೆ ಲ್ಯಾಪ್‌ಟಾಪ್ ಅವನನ್ನು ಒಳಗೆ ಬಿಟ್ಟುಕೊಂಡಿತು.

ಡೇಟಾಬೇಸ್ ಸುಖವಾಗಿತ್ತು. ಪರದೆಯ ತುಂಬ ಹಸಿರು ದೀಪಗಳು. ಸುಧನ್ವ ಒಂದಾದರೂ ತೊಂದರೆ ಸಿಕ್ಕೀತೇ ಎಂದು ಹುಡುಕಿದ. ಬೆಳಿಗ್ಗೆ ಒಂದು ಕಡೆ ನಿಧಾನವಾಗಿತ್ತಂತೆ, ಸರಿಮಾಡಿಕೊಂಡಿದೆ. ಮಧ್ಯಾಹ್ನ ಜನ ಹೆಚ್ಚಿದ್ದರಂತೆ, ಹಿಗ್ಗಿ ಮತ್ತೆ ಕುಗ್ಗಿದೆ. ಅವನ ಇಡೀ ಜೀವಮಾನದ ವಿದ್ಯೆಗೆ ಒಂದು ಸಣ್ಣ ಗಾಯವನ್ನೂ ಉಳಿಸಿರಲಿಲ್ಲ ಆ ನಿರ್ದಯಿ. ಐದು ಗಂಟೆಗೆ ಇನ್ನು ಕೆಲವೇ ನಿಮಿಷ. ಹೊರಗೆ ಹಾಡು ಕೊನೆಯ ನುಡಿಗೆ ಬಂದಿತ್ತು. ನೂರಲ್ಲದಿದ್ದರೆ ಒಂದಾದರೂ ಇರಲಿ ಎಂದುಕೊಂಡು ಅವನು ಡೇಟಾಬೇಸಿನ ಗಾತ್ರವನ್ನು ದುಪ್ಪಟ್ಟು ಮಾಡುವಂತೆ ಕಮಾಂಡ್ ಕೊಟ್ಟ.

"ಈ ಬದಲಾವಣೆಯ ಅಗತ್ಯವಿಲ್ಲ. ಮುಂದುವರಿಯಬೇಕೆ?" ಎಂದು ಅದು ವಿನಯದಿಂದ ಕೇಳಿತು.

"ನಂಗೇ ಬುದ್ಧಿ ಹೇಳ್ತೀಯಾ?" ಎಂದು ಸುಧನ್ವ 'ಹೌದು' ಒತ್ತಿದ. ಅವನ ಹೆಸರು ರೆಕಾರ್ಡಿನಲ್ಲಿ ಮೂಡಿತು. ಬೆಳಗಿನಿಂದ ಮೊದಲ ಬಾರಿಗೆ ಅವನು ಉಸಿರು ಬಿಟ್ಟ.

ಐದಕ್ಕೆ ಸರಿಯಾಗಿ ಪ್ರಾರ್ಥನಾ ಫೋನ್ ಮಾಡಿದಳು.

"ಸುಧನ್ವ, ಯಾಕೆ ಹಾಗ್ ಮಾಡಿದ್ರಿ?"

"ಹಾಗೇ ಸುಮ್ನೆ ಬಿಡೋಕ್ಕಾಗತ್ತಾ ಪ್ರಾರ್ಥನಾ? ಪರಿಸ್ಥಿತಿ ಸ್ಟಡಿ ಮಾಡಿ, ಸರಿಯಾದ ಟೈಮಿಗೆ..."

"ಅಯ್ಯೋ, ಸುಮ್ನೆ ಬಿಡೋರೇ ನಮಗೆ ಬೇಕಾಗಿದ್ದು! ಟ್ರಯಲ್‌ನಲ್ಲಿ ಆ ಸಿಸ್ಟಮ್ ಕೆಟ್ಟಿದ್ದೆಲ್ಲ ಮನುಷ್ಯರು ಮಧ್ಯೆ ಕೈ ಹಾಕಿದಾಗ್ಲೇ. ಅದನ್ನ ಅದರ ಪಾಡಿಗೆ ಬಿಟ್ಟು ಕೂರೋ ಒಬ್ರು ಬೇಕಿತ್ತು. ಮೊದ್ಲೇ ಹೇಳಿದ್ರೆ ನಾಟಕ ಮಾಡ್ತೀರ ಅಂತ ಹೇಳ್ಲಿಲ್ಲ."

ಸುಧನ್ವ ವಾಷಿಂಗ್ ಮಷೀನನ್ನು ಹಿಡಿದುಕೊಂಡ.

"ಬೆಳಗ್ಗೆಯಿಂದ ನೀವು ಲಾಗಿನ್ ಕೂಡ ಆಗಿರ್ಲಿಲ್ಲ," ಎಂದಳು ಪ್ರಾರ್ಥನಾ, ದನಿಯಲ್ಲಿ ನಿಜವಾದ ನೋವಿತ್ತು. "ಎಂಥಾ ನಂಬಿಕೆ, ಎಂಥಾ ಸಂಯಮ ಅಂತ ಡೈರೆಕ್ಟರ್ ಹತ್ರ ಹೊಗಳ್ತಿದ್ದೆ. ಸೀನಿಯರ್ ಬೇರೆ. ನಿಮ್ಮ ಹೆಸರೇ ಟೈಪ್ ಮಾಡಿ ಇಟ್ಟಿದ್ದೆ. ಅಷ್ಟರಲ್ಲಿ ಹೋಗಿ ಡಬಲ್ ಮಾಡ್ಬಿಟ್ರಿ. ಅದು ತಕ್ಷಣ ವಾಪಸ್ ಸರಿ ಮಾಡ್ಕೊಂತು ಅನ್ನಿ."

"ಆದ್ರೆ ವಿಕ್ರಮ್ ನೂರು ಕಮಾಂಡ್..."

"ವಿಕ್ರಮಾ? ಅವರು ಇವತ್ತು ಒಂದು ಬಟನ್ ಕೂಡ ಮುಟ್ಟಿಲ್ಲ. ಸೀಟು ಅವರಿಗೇ. ನಿಮಗೆ ಎರಡು ವಾರ ನೋಟಿಸ್. ಆ ಎರಡು ವಾರ ಅವರಿಗೆ ಹ್ಯಾಂಡೋವರ್ ಕೊಡಿ. ಸಂಜೆವರೆಗೂ ಮುಟ್ಟದೆ ಹೇಗೆ ಕೂತಿದ್ರಿ ಅನ್ನೋದನ್ನ ಚೆನ್ನಾಗಿ ಹೇಳ್ಕೊಡಿ. ಆ ಕೊನೆ ಕಮಾಂಡ್ ಬಿಟ್ರೆ ನಿಮ್ಮದು ಪರ್ಫೆಕ್ಟ್."

ಪ್ರಾರ್ಥನಾ ಫೋನಿಟ್ಟು ಹತ್ತು ನಿಮಿಷಕ್ಕೆ ವಿಕ್ರಮನ ಕರೆ ಬಂತು. ದನಿಯಲ್ಲಿ ಬೆಳಗಿನ ಠೀವಿ ಇರಲಿಲ್ಲ.

"ಗುರು, ನಿನ್ ಹತ್ರ ರೀಲು ಬಿಟ್ಟೆ ಕಣೋ, ಬೇಜಾರ್ ಮಾಡ್ಕೋಬೇಡ. ಯಾರೋ ರೋಡ್ ಅಗೆಯೋವಾಗ ಕೇಬಲ್ ಕಿತ್ತುಹಾಕಿ ನಮ್ ಸಬರ್ಬಿಗೇ ಇಂಟರ್‌ನೆಟ್ ಇರ್ಲಿಲ್ಲ. ಮೊಬೈಲಿಂದ ಹೋಗೋಣ ಅಂದ್ರೆ ಆಫೀಸಿನೋರು ಬ್ಲಾಕ್ ಮಾಡಿದಾರೆ. ಎಷ್ಟು ಒದ್ದಾಡ್ದೆ ಗೊತ್ತಾ? ಈಗ ನೋಡಿದ್ರೆ ಪ್ರಾರ್ಥನಾ ಫೋನ್ ಮಾಡಿ ಸೀಟು ನಂಗೇ ಅಂತಾರೆ."

"ಕಂಗ್ರಾಟ್ಸ್," ಎಂದ ಸುಧನ್ವ.

"ತೊಂದರೆ ಅದಲ್ಲ ಕಣೋ. ಈಗ ಇಂಟರ್‌ನೆಟ್ ಬಂತು. ಎದುರಿಗೆ ಇಷ್ಟೊಂದು ಬಟನ್ನು. ಕೈ ನವೆ ತಡ್ಯಕ್ಕಾಗ್ತಿಲ್ಲ. ಮುಟ್ಟಿದ್ರೆ ನನ್ನನ್ನೂ ತೆಗೀತಾರಂತೆ. ನೀನು ಇಡೀ ದಿನ ಸುಮ್ನೆ ಕೂತಿದ್ಯಂತಲ್ಲ, ಅದ್ಹೇಗೋ? ನಿನ್ ದಮ್ಮಯ್ಯ, ಹೇಳ್ಕೊಡೋ."

ಸುಧನ್ವ ಗೋಡೆಗೊರಗಿ ಕಣ್ಣು ಮುಚ್ಚಿದ. ಹತ್ತು ವರ್ಷ ಕಲಿತ ವಿದ್ಯೆ ಯಾರಿಗೂ ಬೇಡವಾಗಿತ್ತು. ಕಲಿಯದೇ ಇದ್ದ ವಿದ್ಯೆಗೆ ಈಗ ಅವನೇ ಮೇಷ್ಟ್ರು.

"ಮೊದ್ಲು," ಎಂದ ಅವನು, "ಕೈಕಟ್ಟಿ ಕೂತ್ಕೋ."