ನೀರು ಬಂದರೆ ಕೂಗುವ ಬಾತು

ಚನ್ನಪಟ್ಟಣದ ಹುಣಸೆಮರದ ಬೀದಿಯಲ್ಲಿ ಬೊಂಬೆ ಕಡೆಯುವ ವಹಾಬನಿಗೆ ಆ ಭಾನುವಾರ ಒದಗಿದ ಫಜೀತಿಗೆಲ್ಲ ಮೂಲ ಒಂದು ಬಾತುಕೋಳಿ. ಜೀವ ಇರುವ ಬಾತಲ್ಲ. ಆಲೆ ಮರದಲ್ಲಿ ಕಡೆದು, ಅರಗಿನ ಹಳದಿ ಬಣ್ಣ ಹಿಡಿಸಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ಕೊಟ್ಟ ಮರದ ಬಾತು. ಅದರ ಹೊಟ್ಟೆಯೊಳಗೆ ಬೆಂಕಿಪೊಟ್ಟಣದಷ್ಟು ಅಗಲದ ಒಂದು ವೈರ್‌ಲೆಸ್ ಬೋರ್ಡು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅಂತಾರಲ್ಲ, ವಹಾಬ ಬಿಟ್ಟುಕೊಂಡದ್ದು ಬಾತು. ಅಷ್ಟೇ ವ್ಯತ್ಯಾಸ.

ಪಾಪ, ತಪ್ಪು ಪೂರ್ತಿ ಅವನದೇ ಅಂತ ಹೇಳುವ ಹಾಗೂ ಇಲ್ಲ. ಚೀನಾದ ರಿಮೋಟ್ ಕಾರುಗಳು ಬಂದು ಅಂಗಡಿಗಳಲ್ಲಿ ಮರದ ಬೊಂಬೆಗಳನ್ನು ಹಿಂದಿನ ಸಾಲಿಗೆ ತಳ್ಳಿದ್ದ ಕಾಲ. ಯಾರದೋ ಕೆಟ್ಟ ಕಾರೊಂದನ್ನು ಬಿಚ್ಚಿ ನೋಡಿದ ವಹಾಬ ಒಳಗಿನ ಬೋರ್ಡಿಗೆ ಮರುಳಾಗಿಬಿಟ್ಟ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಅಂಥವೇ ಪುಟ್ಟ ಬೋರ್ಡು ತಂದ. ಬಸ್ ಸ್ಟ್ಯಾಂಡಿನ ಸೈಬರ್ ಅಂಗಡಿಯಲ್ಲಿ ಕೂತು, ಅದರ ನಡುವಿನ ಮೈಕ್ರೋಕಂಟ್ರೋಲರ್ ಎಂಬ ಕರಿ ಚಿಪ್ಪಿಗೆ ಮಗುವಿಗೆ ಕಾಗುಣಿತ ಹೇಳಿಕೊಟ್ಟ ಹಾಗೆ ಪಾಠ ಹೇಳಿಕೊಟ್ಟ. ಅದು ವೈರಿನ ಹಂಗಿಲ್ಲದೆ ಇನ್ನೊಂದು ಬೋರ್ಡಿಗೆ ಸುದ್ದಿ ಮುಟ್ಟಿಸತೊಡಗಿತು. "ಈ ಮನೇಲಿ ನಾನು ಹೇಳಿದ್ದು ಕೇಳೋದು ಇದೊಂದೇ ನೋಡು" ಎಂದು ಹೆಂಡತಿ ಗುಲ್ಜಾರ್ ಬೀಗೆ ತೋರಿಸಿ ಹಿಗ್ಗಿದ.

ಗುಲ್ಜಾರ್ ಬೀಗೆ ಬೇಕಾಗಿದ್ದದ್ದು ಬೋರ್ಡಲ್ಲ, ನೀರು. ಆ ಬೀದಿಯಲ್ಲಿ ಮನೆಗೊಂದು ಮೊಬೈಲು ಬಂದಿತ್ತು, ನಲ್ಲಿಗೆ ಮಾತ್ರ ನೀರು ಮೂರು ದಿನಕ್ಕೊಮ್ಮೆ. ಅದೂ ಬೆಳಗಿನ ಐದಕ್ಕೋ ಒಂಬತ್ತಕ್ಕೋ ಹೇಳಲು ಬಾರದು. ಬೀದಿಗೆಲ್ಲ ಒಂದೇ ನಲ್ಲಿ, ಒಂಬತ್ತು ಮನೆ. ಎಂಟನೆಯವರ ಬಿಂದಿಗೆ ತುಂಬುವಷ್ಟರಲ್ಲಿ ನೀರು ನೂಲಿನಷ್ಟು ಸಣ್ಣಗಾಗಿ ನಿಂತುಹೋಗುತ್ತಿತ್ತು. ಹಾಗಾಗಿ ಹಿಂದಿನ ದಿನವೇ ಸಾಲು ಹಿಡಿಯುವ ಪದ್ಧತಿ. ಮನುಷ್ಯರು ನಿಲ್ಲಬೇಕಿಲ್ಲ. ಒಂದು ಕಲ್ಲು, ಒಂದು ಸೀಳು ಬಿಂದಿಗೆ, ಹರಿದ ಚಪ್ಪಲಿ, ಏನಾದರೊಂದು ಇಟ್ಟರೆ ಆ ಜಾಗ ಅವರದು. ಆದರೂ ನಸುಕಿನಲ್ಲೇ ಹೋಗಿ ಪಕ್ಕದಲ್ಲಿ ಕಾಯಬೇಕು, ಇಲ್ಲದಿದ್ದರೆ ಚಪ್ಪಲಿಗೆ ಕಾಲು ಬಂದು ಹಿಂದಕ್ಕೆ ನಡೆದುಬಿಡುತ್ತದೆ. ಹಾಗೆ ನಿಂತೂ ನಿಂತೂ ಗುಲ್ಜಾರ್ ಬೀಯ ಮೊಣಕಾಲು ಹಿಡಿದುಕೊಂಡಿತ್ತು. ರಾತ್ರಿ ಅವಳು ಎಣ್ಣೆ ನೀವಿಕೊಳ್ಳುವುದನ್ನು ನೋಡಿ ವಹಾಬ ಬೋರ್ಡು ಹಿಡಿದು ಕೂತ. ಬಾತು ಹುಟ್ಟಿದ್ದು ಆ ಸಂಕಟಕ್ಕೆ.

ನಲ್ಲಿಯ ಬಾಯಿ ಕೆಳಗೆ ಎರಡು ತಾಮ್ರದ ತಂತಿ, ಪಕ್ಕದ ಡಬ್ಬಿಯಲ್ಲಿ ಒಂದು ಬೋರ್ಡು. ತಂತಿಗೆ ನೀರು ಸೋಕಿತೋ, ಮನೆಯ ಬಾತಿನ ಕಣ್ಣು ಕೆಂಪಾಗಿ "ಕ್ವಾಕ್ ಕ್ವಾಕ್" ಎಂದು ಕೂಗುತ್ತಿತ್ತು. ಹೋದ ಸಲ ಬೀದಿಯವರೆಲ್ಲ ತಮ್ಮ ಕಲ್ಲು ಬಿಂದಿಗೆಗಳ ಪಕ್ಕ ಕಾಯುತ್ತಿದ್ದಾಗ ಗುಲ್ಜಾರ್ ಬೀ ಮನೆಯಲ್ಲಿ ಚಹಾ ಕುಡಿಯುತ್ತಿದ್ದಳು. ಬಾತು ಕೂಗಿತು, ಬಂದಳು, ಹಿಡಿದಳು, ಹೋದಳು. ಬೀದಿ ಬೆಕ್ಕಸಬೆರಗಾಯಿತು. ಅವತ್ತೇ ಸಂಜೆ ಎಂಟೂ ಮನೆಯವರು ವಹಾಬನ ಜಗುಲಿಗೆ ಬಂದು ಕೂತರು.

"ನಮಗೂ ಒಂದೊಂದು ಬಾತು ಮಾಡ್ಕೊಡಿ ಸಾಬ್ರೇ. ನಮ್ ಕಾಲೇನು ಕಬ್ಬಿಣದ್ದಾ?" ಎಂದಳು ಎಮ್ಮೆ ಕಟ್ಟಿಕೊಂಡಿದ್ದ ಮುನಿಯಮ್ಮ.

ಹೊಗಳಿಕೆಗೆ ಉಬ್ಬದವರು ಯಾರು? ವಹಾಬ ಎರಡೇ ದಿನದಲ್ಲಿ ಎಂಟು ಬಾತು ಮಾಡಿ ಹಂಚಿದ. ಜೊತೆಗೊಂದು ಕಾನೂನನ್ನೂ ಹಂಚಿದ. "ಇನ್ಮೇಲೆ ಕಲ್ಲು, ಚಪ್ಪಲಿ, ಬಿಂದಿಗೆ ಯಾವುದೂ ನಲ್ಲಿ ಮುಂದೆ ಇಡೋ ಹಾಗಿಲ್ಲ. ಬಾತು ಕೂಗಿದ ಮೇಲೆ ಯಾರು ಮೊದಲು ಬರ್ತಾರೋ ಅವರು ಮೊದಲು. ಜಗಳಾನೇ ಇಲ್ಲ!" ಎಲ್ಲರೂ ತಲೆಯಾಡಿಸಿದರು. ಶನಿವಾರ ಸಂಜೆ ತಾನೇ ಪೊರಕೆ ಹಿಡಿದು ನಲ್ಲಿಯ ಮುಂದೆ ಒಂದು ಹರಳೂ ಇಲ್ಲದಂತೆ ಗುಡಿಸಿದ.

"ನಾಳೆ ಒಂದು ದಿನ ಕಲ್ಲು ಇಡೋಣ ರೀ" ಎಂದು ಗುಲ್ಜಾರ್ ಬೀ ಬೇಡಿಕೊಂಡಳು. ನಾಳೆ ಅಂದರೆ ಸಾಮಾನ್ಯ ದಿನವೇ? ಮಗಳು ಸಾನಾಳ ಮಾತು ಪಕ್ಕಾ ಮಾಡಲು ರಾಮನಗರದಿಂದ ಹುಡುಗನ ತಾತ ರಸೂಲ್ ಸಾಹೇಬರು ಇಪ್ಪತ್ತು ಜನರನ್ನು ಕರೆದುಕೊಂಡು ಮಧ್ಯಾಹ್ನ ಬರುವವರಿದ್ದರು. ಹುಡುಗ ಒಳ್ಳೆಯವನು, ಸಾನಾಗೂ ಒಪ್ಪಿಗೆಯಾಗಿತ್ತು. ಉಳಿದದ್ದು ತಾತನ ಒಪ್ಪಿಗೆ. ಮನೆಯಲ್ಲಿ ಇದ್ದ ನೀರು ಎರಡು ಚೊಂಬು.

"ನಾನೇ ಮಾಡಿದ ರೂಲು ನಾನೇ ಮುರೀಲಾ? ನಲ್ಲಿಗೂ ನಮಗೂ ಹತ್ತು ಹೆಜ್ಜೆ. ಮೊದಲ ಬಿಂದಿಗೆ ನಮ್ದೇ" ಎಂದ ವಹಾಬ.

ಭಾನುವಾರ ಬೆಳಗಾಯಿತು. ಆರು ಗಂಟೆ, ಬಾತು ಕೂಗಲಿಲ್ಲ. ಏಳಾಯಿತು, ಇಲ್ಲ. ಎಂಟಕ್ಕೆ ಬಿರಿಯಾನಿ ಮಾಡುವವನು ದೊಡ್ಡ ಪಾತ್ರೆ ಒಲೆಗಿಟ್ಟು, "ನೀರೆಲ್ಲಿ?" ಎಂದ. ವಹಾಬ ಬಾತಿನ ಕಡೆ ನೋಡಿದ. ಬಾತು ಗೋಡೆ ನೋಡುತ್ತಿತ್ತು. ಒಂಬತ್ತಕ್ಕೆ ಬೀದಿಯ ಜನವೆಲ್ಲ ಬಾತುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಅವನ ಬಾಗಿಲಿಗೆ ಬಂದರು.

"ನಂದು ಸತ್ತೋಗದೆ" ಎಂದಳು ಮುನಿಯಮ್ಮ. "ನೀರು ಬಂದಿಲ್ಲ ಅಂತ ಬಾತು ಕೂಗಿಲ್ವೋ, ಬಾತು ಕೂಗಿಲ್ಲ ಅಂತ ನೀರು ಬಂದಿಲ್ವೋ, ಒಂದೂ ಅರ್ಥ ಆಯ್ತಿಲ್ಲ. ಗಂಗಮ್ಮನ ಬಾಯಿಗೆ ತಂತಿ ಕಟ್ಟಿದ್ರೆ ಮುನಿಸ್ಕೊಳದೆ ಇರ್ತಾಳಾ?"

"ಸುಮ್ಕಿರಮ್ಮೋ" ಎಂದ ಬೋರಲಿಂಗಯ್ಯ. ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದು ನಿವೃತ್ತನಾದವನು, ಲೋಕದ ಯಾವ ವಿಷಯಕ್ಕೂ ಅವನ ಹತ್ತಿರ ಟಿಕೆಟ್ ಇತ್ತು. "ಇದು ಸಿಗ್ನಲ್ ಪ್ರಾಬ್ಲಮ್ಮು. ಮೊಬೈಲ್ ಟವರ್ ಎಷ್ಟೆತ್ತರ ಐತೆ? ನಿನ್ ಡಬ್ಬಿ ನಲ್ಲಿ ಬುಡದಲ್ಲಿ ಐತೆ. ಏರಿಯಲ್ ಎತ್ತರಕ್ಕೆ ಕಟ್ಟು, ಆಮೇಲೆ ನೋಡು."

"ನಲ್ಲಿ ಒಣಗಿದೆ ಬೋರಲಿಂಗಯ್ಯ, ಸಿಗ್ನಲ್ ಏನು ಮಾಡ್ತದೆ?" ಎಂದು ವಹಾಬ ಗೋಗರೆದ. ಕೇಳುವವರು ಯಾರು? ಯಾರೋ ಏಣಿ ತಂದರು, ಯಾರೋ ತಂತಿ ತಂದರು. ನೀರು ಬಿಡುವ ದೊಡ್ಡಹನುಮಯ್ಯನನ್ನು ಕೇಳೋಣವೆಂದರೆ ಅವನ ಹತ್ತಿರ ಮೊಬೈಲಿಲ್ಲ, ಯಾವ ಹೊತ್ತಿಗೆ ಎಲ್ಲಿರುತ್ತಾನೆಂದು ಅವನ ಹೆಂಡತಿಗೂ ತಿಳಿಯದು. ವಹಾಬ ಏಣಿ ಹತ್ತಿ ಹುಣಸೆಮರದ ಕೊಂಬೆಗೆ ತಂತಿ ಸುತ್ತತೊಡಗಿದ.

ಇನ್ನೊಂದು ಸುತ್ತು ಬಾಕಿ ಇತ್ತು. ಒಂಬತ್ತೂ ಬಾತು ಒಟ್ಟಿಗೆ "ಕ್ವಾಕ್ ಕ್ವಾಕ್" ಎಂದು ಕಿರುಚಿದವು!

ಅಬ್ಬಾ, ಆ ಓಟವನ್ನು ನೋಡಬೇಕಿತ್ತು. ಬಿಂದಿಗೆ, ಬಕೆಟ್ಟು, ಪ್ಲಾಸ್ಟಿಕ್ ಡ್ರಮ್ಮು, ಕುಕ್ಕರು, ಕೈಗೆ ಸಿಕ್ಕಿದ್ದನ್ನು ಹಿಡಿದು ಬೀದಿಗೆ ಬೀದಿಯೇ ನಲ್ಲಿಗೆ ನುಗ್ಗಿತು. ಏಣಿ ಹಿಡಿದುಕೊಂಡಿದ್ದ ಬೋರಲಿಂಗಯ್ಯನೂ ಏಣಿ ಬಿಟ್ಟು ಓಡಿದ. ವಹಾಬ ಕೊಂಬೆ ಅಪ್ಪಿಕೊಂಡು ನೇತಾಡುತ್ತ "ಯಾ ಅಲ್ಲಾ" ಎಂದ. ನಲ್ಲಿಯ ಹತ್ತಿರ ಹೋಗಿ ನೋಡಿದರೆ ಏನಿದೆ? ಮುನಿಯಮ್ಮನ ಎಮ್ಮೆ ಹಗ್ಗ ಬಿಚ್ಚಿಕೊಂಡು ಬಂದು, ನೀರಿನ ಆಸೆಗೆ ಆ ತಾಮ್ರದ ತಂತಿಗಳನ್ನು ಜೊಲ್ಲು ಸುರಿಸಿ ನೆಕ್ಕುತ್ತಾ ನಿಂತಿತ್ತು.

"ಲೇ ವಹಾಬು! ಎಮ್ಮೆಗೆ ಕೂಗ್ತದೆ, ನೀರಿಗೆ ಕೂಗಕಿಲ್ವೇನ್ಲಾ ನಿನ್ ಬಾತು?" ಎಂದು ಬೋರಲಿಂಗಯ್ಯ ಗದರಿದ.

ಕೊಂಬೆಯಿಂದ ಜಾರಿ ಇಳಿದ ವಹಾಬನಿಗೆ ಅಂಗಿ ಹರಿದದ್ದಕ್ಕಿಂತ ಆ ಮಾತು ಹೆಚ್ಚು ನೋಯಿತು. ತನ್ನ ಬೋರ್ಡಿಗೆ ಅವಮಾನವೇ? ತಾಳಲಾರದೆ ಮನೆಗೆ ನುಗ್ಗಿದ, ಕೈಗೆ ಸಿಕ್ಕ ಎರಡೂ ಚೊಂಬು ಎತ್ತಿಕೊಂಡು ಬಂದ. "ನೋಡ್ರಯ್ಯಾ ಎಲ್ಲಾರೂ! ನೀರು ಬಿದ್ರೆ ಕೂಗ್ತದೋ ಇಲ್ವೋ ನೋಡಿ!" ಎಂದು ತಂತಿಯ ಮೇಲೆ ಒಂದು ಚೊಂಬು ಸುರಿದ. ಬಾತುಗಳು ಕೂಗಿದವು. ಯಾರೋ "ಇನ್ನೊಂದ್ಸಲ" ಎಂದರು. ಎರಡನೆಯ ಚೊಂಬನ್ನೂ ಸುರಿದ. ಬಾತುಗಳು ಇನ್ನೂ ಜೋರಾಗಿ ಕೂಗಿದವು. ವಹಾಬ ಗೆದ್ದ ಮುಖದಿಂದ ತಿರುಗಿ ನೋಡಿದರೆ ಬಾಗಿಲಲ್ಲಿ ಗುಲ್ಜಾರ್ ಬೀ ನಿಂತಿದ್ದಳು.

"ಅದು ಬಂದವರಿಗೆ ಚಹಾ ಮಾಡೋಕೆ ಎತ್ತಿಟ್ಟಿದ್ದ ನೀರು" ಎಂದಳು. ಉರ್ದುವಿನಲ್ಲಿ ಶುರುವಾದ ಬೈಗುಳ, ಬೀದಿಯವರಿಗೂ ನ್ಯಾಯ ತಿಳಿಯಲೆಂದು, ನಡುವೆ ಕನ್ನಡಕ್ಕೆ ಹೊರಳಿತು. "ಬೋರ್ಡು ಮಾತು ಕೇಳ್ತದೆ ಅಂತ ಹಿಗ್ಗಿದ್ರಲ್ಲ, ನನ್ನ ಒಂದು ಮಾತು ನೀವು ಕೇಳಿದ್ರಾ? ಒಂದು ಕಲ್ಲು ಇಡಿ ಅಂದೆ. ಒಂದೇ ಒಂದು ಕಲ್ಲು!" ಒಳಗಿನಿಂದ ಸಾನಾ ಮೂಗು ಸೇದುವ ಸದ್ದು ಕೇಳಿಸಿತು. ವಹಾಬನಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು.

ಭೂಮಿ ಬಾಯಿ ಬಿಡಲಿಲ್ಲ. ಬೀದಿಯ ತುದಿಯಲ್ಲಿ ರಾಮನಗರದ ಟೆಂಪೋ ಹೇಳಿದ ಹೊತ್ತಿಗಿಂತ ಮೊದಲೇ ಬಂದು ನಿಂತಿತು.

ರಸೂಲ್ ಸಾಹೇಬರದು ರೇಷ್ಮೆ ನೂಲು ತೆಗೆಯುವ ಮನೆತನ. ಐವತ್ತು ವರ್ಷದಿಂದ ನೀರಿನ ತೊಟ್ಟಿಯ ಮುಂದೆ ಕೂತು ಗೂಡು ಬಿಚ್ಚಿದವರು. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಜುಬ್ಬ. ಚಾಪೆಯ ಮೇಲೆ ಕೂರುವ ಮೊದಲು, "ಧೂಳು ಭಾಳ. ಕೈಕಾಲು ತೊಳ್ಯಕ್ಕೆ ಒಸಿ ನೀರು ಕೊಡಿ ಭಾಯ್" ಎಂದರು.

ವಹಾಬ ಅಂಗಡಿಗೆ ಓಡಿ ಗೋಲಿ ಸೋಡಾ ಕ್ರೇಟನ್ನೇ ಹೊತ್ತು ತಂದ. ಇಪ್ಪತ್ತು ಜನರ ಕೈ ಮೇಲೆ ಸೋಡಾ ಸುರಿದ. ರಸೂಲ್ ಸಾಹೇಬರ ಅಂಗೈಯಲ್ಲಿ ಅದು ಬುಸುಬುಸು ಎಂದು ನೊರೆ ಉಕ್ಕಿತು. ಅವರು ಕೈಯನ್ನೊಮ್ಮೆ, ವಹಾಬನನ್ನೊಮ್ಮೆ ನೋಡಿದರು. ಗಡ್ಡ ಮಾತ್ರ ಅಲುಗಾಡಿತು.

"ನಿಮ್ಮ ಬೀದೀಲಿ ನೀರಿಲ್ವಾ? ಬರೋವಾಗ ಪಕ್ಕದ ಬೀದೀಲಿ ಮೋರಿ ತುಂಬಾ ನೀರು ಹರೀತಿತ್ತು. ಒಬ್ಬ ಸ್ಕೂಟರ್ ತೊಳೀತಿದ್ದ, ಇನ್ನೊಬ್ಬ ನಾಯಿ ತೊಳೀತಿದ್ದ."

ಬಾಗಿಲಲ್ಲಿ ಇಣುಕುತ್ತಿದ್ದ ಬೀದಿಯೆಲ್ಲ ಪಕ್ಕದ ಬೀದಿಯ ಕಡೆ ಕತ್ತು ತಿರುಗಿಸಿತು. ಅದೇ ಹೊತ್ತಿಗೆ ಉದ್ದನೆಯ ಕಬ್ಬಿಣದ ಕೀಲಿ ಹೆಗಲಿಗೇರಿಸಿ, ಸೈಕಲ್ ತುಳಿದುಕೊಂಡು ದೊಡ್ಡಹನುಮಯ್ಯ ಬಂದ. ಜನ ಅವನನ್ನು ಸೈಕಲ್ ಸಮೇತ ಎತ್ತಿ ವಹಾಬನ ಜಗುಲಿಗೆ ತಂದು ನಿಲ್ಲಿಸಿದರು.

"ಯಾಕ್ ದೊಡ್ಡಹನುಮಯ್ಯ, ನಮ್ಮ ಬೀದಿಗೆ ನೀರು ಯಾಕೆ ಬಿಡ್ಲಿಲ್ಲ?" ಎಂದು ವಹಾಬ ಅಳುವ ಹಾಗೆ ಕೇಳಿದ.

"ನಿಮಗೆ ಬೇಕಿತ್ತಾ?" ಎಂದು ದೊಡ್ಡಹನುಮಯ್ಯ ಕಣ್ಣರಳಿಸಿದ. "ನಾನು ಐದೂವರೆಗೇ ಬಂದಿವ್ನಿ ಸಾಬ್ರೇ. ವಾಲ್ವ್ ಮೇಲೆ ಕೀಲಿ ಇಕ್ಕಿ, ತಿರುಗುಸೋಕೆ ಮುಂಚೆ ಪ್ರತಿ ಸಲ ನಲ್ಲಿ ಕಡೆ ಒಂದ್ ಕಣ್ಣು ಹಾಕ್ತೀನಿ. ಹನ್ನೆರಡು ವರ್ಸದಿಂದ ನನ್ ಲೆಕ್ಕ ಅದೇಯ. ಬಿಂದಿಗೆ, ಕಲ್ಲು, ಚಪ್ಪಲಿ ಸಾಲಾಗಿದ್ರೆ ಜನಕ್ಕೆ ನೀರು ಬೇಕು. ಇವತ್ತು ನೋಡ್ತೀನಿ, ಒಂದು ಹರಳೂ ಇಲ್ಲ! ಗುಡಿಸಿ ಬುಟ್ಟವ್ರೆ! ಓಹೋ, ಬೀದಿಯೋರೆಲ್ಲ ಸೇರ್ಕೊಂಡು ಬೋರ್‌ವೆಲ್ ಹಾಕ್ಸವ್ರೆ, ಇನ್ನು ನನ್ ನೀರು ಯಾಕೆ ಬೇಕು ಅಂದ್ಕೊಂಡು ನಿಮ್ ಪಾಲೂ ಸೇರ್ಸಿ ಪಕ್ಕದ ಬೀದಿಗೆ ಬುಟ್ಬುಟ್ಟೆ. ಟ್ಯಾಂಕ್ ಖಾಲಿ. ಇನ್ನು ಬುಧವಾರಾನೇಯ."

ಬೀದಿಯವರೆಲ್ಲ ಬಾತು ಕೂಗಲಿ ಎಂದು ಕಾದಿದ್ದರು, ದೊಡ್ಡಹನುಮಯ್ಯ ಬಿಂದಿಗೆ ಕಾಣಲಿ ಎಂದು ಕಾದಿದ್ದ.

ಮೊದಲು ನಕ್ಕವರು ರಸೂಲ್ ಸಾಹೇಬರು. ಸೋಡಾ ಅಂಟಿದ ಕೈಯಿಂದಲೇ ಹೊಟ್ಟೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಆ ದಿನ ಆ ಬೀದಿಗೆ ಬಂದ ನೀರು ಅಷ್ಟೇ. ನಕ್ಕು ಮುಗಿಸಿ ಎದ್ದು ವಹಾಬನ ಹೆಗಲ ಮೇಲೆ ಕೈಯಿಟ್ಟರು. "ಮನುಷ್ಯ ಒಳ್ಳೆಯವನು ನೀನು. ಆದ್ರೆ ಹೆಣ್ಣು ಕೊಡೋ ಮನೇಲಿ ಒಂದು ಲೋಟ ನೀರು ಕುಡೀದೆ ಮಾತು ಪಕ್ಕಾ ಮಾಡೋ ಪದ್ಧತಿ ನಮ್ಮಲ್ಲಿಲ್ಲ. ಬುಧವಾರ ಬತ್ತೀವಿ. ನೀರು ಕುಡಿಸು, ಅವತ್ತೇ ತಾರೀಕು ಗೊತ್ತು ಮಾಡೋಣ. ಅವತ್ತೂ ಸೋಡಾ ಅಂದ್ರೆ ಮಾತ್ರ ಇನ್ನೊಂದು ಮನೆ ನೋಡ್ಬೇಕಾಗ್ತದೆ."

ಟೆಂಪೋ ಹೋಯಿತು. ಗುಲ್ಜಾರ್ ಬೀ ಹಿತ್ತಿಲಿಗೆ ಹೋಗಿ ಅಡಿಕೆ ಪುಡಿ ಮಾಡುವ ಗುಂಡುಕಲ್ಲು ತಂದು ಗಂಡನ ಕೈಗಿಟ್ಟಳು. ಏನು ಮಾಡಬೇಕೆಂದು ಹೇಳುವ ಅಗತ್ಯ ಇರಲಿಲ್ಲ. ಕಲ್ಲನ್ನು ಕೂಸಿನಂತೆ ಎದೆಗವಚಿಕೊಂಡು ವಹಾಬ ನಲ್ಲಿಯ ಕಡೆ ಓಡಿದ. ಬುಧವಾರಕ್ಕೆ ಇನ್ನೂ ಮೂರು ದಿನವಿತ್ತು. ಅತಿಥಿಗಳನ್ನು ಬೀಳ್ಕೊಡಲು ಹಿಡಿದದ್ದು ಬರೀ ಹತ್ತು ನಿಮಿಷ. ಈಗಲೇ ಇಟ್ಟರೆ ಮೊದಲ ಜಾಗ ತನ್ನದೇ ಅಂದುಕೊಂಡ.

ನಲ್ಲಿಯ ಮುಂದೆ ಸಾಲು ಆಗಲೇ ಬೆಳೆದಿತ್ತು. ಕಲ್ಲಲ್ಲ, ಬಿಂದಿಗೆಯಲ್ಲ, ಚಪ್ಪಲಿಯೂ ಅಲ್ಲ. ಹಳದಿ ಬಣ್ಣದ ಎಂಟು ಬಾತುಗಳು ಒಂದರ ಹಿಂದೊಂದು ಕೊಕ್ಕು ನಲ್ಲಿಗೆ ಮಾಡಿ ಕೂತಿದ್ದವು.

ತನ್ನ ಬಾತನ್ನು ಮೊದಲ ಜಾಗದಲ್ಲಿ ನೆಟ್ಟಗೆ ಕೂರಿಸುತ್ತಿದ್ದ ಮುನಿಯಮ್ಮ ತಲೆಯೆತ್ತಿ ನಕ್ಕಳು. "ಬೈದ್ವಿ ಅಂತ ಬೇಜಾರು ಮಾಡ್ಕೋಬ್ಯಾಡಿ ಸಾಬ್ರೇ. ಮನೇಲಿ ಬಿಂದಿಗೆ ಬೇಕು, ಚಪ್ಪಲಿ ಬೇಕು. ಯಾತಕ್ಕೂ ಬ್ಯಾಡದ್ದು ಅಂದ್ರೆ ಇದೊಂದೇ ಇತ್ತು. ಎಷ್ಟು ಅನುಕೂಲ ಆಯ್ತು ನೋಡಿ!"

ವಹಾಬ ಬಾತುಗಳನ್ನು ಎಣಿಸಿದ. ಮತ್ತೊಮ್ಮೆ ಎಣಿಸಿದ. ಆಮೇಲೆ ಗುಂಡುಕಲ್ಲನ್ನು ನೀರು ಮುಟ್ಟದ ಒಂಬತ್ತನೆಯ ಜಾಗದಲ್ಲಿಟ್ಟು ಅದರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತುಕೊಂಡ.