ಹಾಜರಿಗಿಂತ ಒಬ್ಬರು ಹೆಚ್ಚು

ಜನರನ್ನು ಹೆದರಿಸುವುದೇ ನನ್ನ ಉದ್ಯೋಗ. ನಾಗಪುರದ ಹತ್ತಿರ ಬುಟಿಬೋರಿಯ ದೊಡ್ಡದೊಂದು ಕಾರ್ಖಾನೆಯಲ್ಲಿ ನಾನು ಸುರಕ್ಷತಾ ಅಧಿಕಾರಿ. ಹೆಲ್ಮೆಟ್ ಹಾಕದವನಿಗೆ ಒಡೆದ ತಲೆಯ ಚಿತ್ರ ತೋರಿಸುವುದು, ಕೈಗವಸು ಹಾಕದವನಿಗೆ ಬೆರಳಿಲ್ಲದ ಕೈಯ ಕಥೆ ಹೇಳುವುದು, ಹೀಗೆ ನನ್ನ ದಿನ ಕಳೆಯುತ್ತದೆ. ಇಷ್ಟೆಲ್ಲ ಹೆದರಿಸುವ ನಾನು ಹಲ್ಲಿಗೆ ಹೆದರುತ್ತೇನೆ ಎಂಬುದು ಬಜಾಜ್ ನಗರದ ನಮ್ಮ ಬಾಡಿಗೆ ಮನೆಯ ಗೋಡೆಗಳಿಗಷ್ಟೇ ಗೊತ್ತು. ಗೋಡೆಗಳಿಗೆ ಮತ್ತು ನನ್ನ ಹೆಂಡತಿ ಶಶಿಕಲಾಳಿಗೆ. ಅವಳು ಹುಬ್ಬಳ್ಳಿಯವಳು, ಮಾತನ್ನು ಮಡಚಿ ಆಡುವ ಅಭ್ಯಾಸವಿಲ್ಲ. ಒಮ್ಮೆ ನಾನು ಒದ್ದೆ ನೆಲದ ಮೇಲೆ ಕಾರ್ಖಾನೆಯ ಹಳದಿ ಬಣ್ಣದ 'ಜಾರುತ್ತದೆ' ಫಲಕ ತಂದು ಇಟ್ಟಿದ್ದೆ. ಅವಳು ಅದನ್ನೇ ಎಡವಿ ಬಿದ್ದಳು. "ನೆಲಾ ಜಾರಲಿಲ್ರಿ, ನಿಮ್ಮ ಸೇಫ್ಟಿ ಕೆಡವಿತು ನನ್ನ," ಎಂದಳು. ಅಂದಿನಿಂದ ನನ್ನ ಅಧಿಕಾರ ಹೊಸ್ತಿಲಿನಿಂದ ಆಚೆಗಷ್ಟೇ.

ಹಿರೇಮಠ ಎಂಬ ನನ್ನ ಹೆಸರು ನಾಗಪುರದವರ ಬಾಯಲ್ಲಿ ಹಿರಾಮಣ್ ಆಗಿ ಹನ್ನೊಂದು ವರ್ಷವಾಯಿತು. ನಮ್ಮಲ್ಲಿ ಟ್ರಾನ್ಸ್‌ಫಾರ್ಮರುಗಳಿಗೆ ಬೇಕಾದ ಉಕ್ಕಿನ ಟ್ಯಾಂಕುಗಳು ತಯಾರಾಗುತ್ತವೆ. ಒಂದೊಂದೂ ಒಂದು ಕೋಣೆಯಷ್ಟು ದೊಡ್ಡದು. ಪಕ್ಕದಲ್ಲಿ ಒಬ್ಬ ಮನುಷ್ಯ ನುಸುಳುವಷ್ಟು ದುಂಡನೆಯ ಬಾಯಿ. ಅದರೊಳಗೆ ಹೋಗಿ ಬಣ್ಣ ಬಳಿಯಬೇಕಾದರೆ ನನ್ನ ಸಹಿಯಿರುವ ಪರವಾನಗಿ ಬೇಕು. ಅದನ್ನು ಬಿಟ್ಟರೆ ಮೂರು ತಿಂಗಳಿಗೊಮ್ಮೆ ಅಣಕು ಕವಾಯತು ನಡೆಸುವುದು ನನ್ನ ಮುಖ್ಯ ಕೆಲಸ. ಸೈರನ್ ಆದಕೂಡಲೇ ಎಲ್ಲರೂ ಗೇಟಿನ ಬಳಿಯ ಬೇವಿನ ಮರದ ಹತ್ತಿರ ಸಾಲಾಗಿ ನಿಲ್ಲಬೇಕು, ನಾವು ತಲೆ ಎಣಿಸಬೇಕು, ಎಣಿಕೆ ಗೇಟಿನ ಹಾಜರಿಗೆ ಹೊಂದಬೇಕು.

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ನಡೆದ ಕವಾಯತಿನಲ್ಲಿ ಅದು ಹೊಂದಲಿಲ್ಲ. ಹಾಜರಿಯಲ್ಲಿ ನೂರ ಎಂಬತ್ತಾರು. ಎಣಿಸಿದರೆ ನೂರ ಎಂಬತ್ತೇಳು. ಬಣ್ಣದ ವಿಭಾಗದ ಮೇಲ್ವಿಚಾರಕಿ ಸುನೀತಾತಾಯಿ ಇನ್ನೊಂದು ಕಡೆಯಿಂದ ಎಣಿಸಿಕೊಂಡು ಬಂದು, "ಸಾಹೇಬ್, ಏಕ್ ಜಾಸ್ತ್ ಆಹೇ," ಎಂದಳು. ಒಬ್ಬರು ಕಡಿಮೆಯಾದರೆ ಏನು ಮಾಡಬೇಕೆಂದು ನನ್ನ ಕೈಪಿಡಿಯಲ್ಲಿ ನಾಲ್ಕು ಪುಟಗಳಿವೆ. ಒಬ್ಬರು ಹೆಚ್ಚಾದರೆ ಏನು ಮಾಡಬೇಕೆಂದು ಒಂದು ಸಾಲೂ ಇಲ್ಲ. ಯಾರೋ ಕಾರ್ಡ್ ತೋರಿಸದೆ ಒಳಗೆ ಬಂದಿರಬೇಕೆಂದು ಹೆಸರು ಹಿಡಿದು ಕರೆದೆ. ನೂರ ಎಂಬತ್ತಾರು ಹೆಸರಿಗೂ ಒಬ್ಬೊಬ್ಬರು ಓಗೊಟ್ಟರು. ಹೆಸರಿಲ್ಲದೆ ಯಾರೂ ಉಳಿಯಲಿಲ್ಲ. ಮತ್ತೆ ತಲೆ ಎಣಿಸಿದೆವು. ನೂರ ಎಂಬತ್ತೇಳು.

ಮನೆಯಲ್ಲಿ ಹೇಳಿದರೆ ಶಶಿಕಲಾ, "ನಿಮ್ಮನ್ನ ನೀವ ಎರಡ ಸಲ ಎಣಿಸೀರಿ. ದಪ್ಪ ಆಗೀರಲ್ಲ," ಎಂದಳು. ವಿವರಣೆ ಸಮಂಜಸವಾಗಿದ್ದರಿಂದ ನೆಮ್ಮದಿಯಾಯಿತು.

ಚಳಿಗಾಲದ ಕವಾಯತಿನಲ್ಲಿ ಎಲ್ಲರೂ ಶಾಲೆಯ ಮಕ್ಕಳಂತೆ ತಮ್ಮ ತಮ್ಮ ಸಂಖ್ಯೆಯನ್ನು ಕೂಗುವ ವ್ಯವಸ್ಥೆ ಮಾಡಿದೆ. ಅಂದು ಹಾಜರಿ ನೂರ ಎಂಬತ್ತೊಂದು. ಏಕ್, ದೋನ್, ತೀನ್ ಎಂದು ಸಾಲು ಕೂಗುತ್ತ ಹೋಗಿ, ಕೊನೆಯವನು ನೂರ ಎಂಬತ್ತೆರಡು ಎಂದು ಕೂಗಿ, ತಾನೇ ಬೆಚ್ಚಿ ಬಾಯಿಗೆ ಕೈ ಅಡ್ಡ ಹಿಡಿದ. ಹಗಲು ಹನ್ನೊಂದು ಗಂಟೆ. ಎಲ್ಲರ ನೆರಳೂ ನೆಲದ ಮೇಲೆ ಸ್ಪಷ್ಟವಾಗಿತ್ತು. ಬೇವಿನ ಎಲೆಯೊಂದೂ ಅಲುಗುತ್ತಿರಲಿಲ್ಲ. ಕಚೇರಿಯ ಮಾಳಿಗೆಯಿಂದ ಫೋಟೊ ತೆಗೆಸಿದ್ದೆ. ಅದನ್ನು ಮನೆಗೆ ತಂದು ಪ್ರತಿ ಹೆಲ್ಮೆಟ್ಟಿನ ಮೇಲೂ ಪೆನ್ಸಿಲಿನಿಂದ ಚುಕ್ಕೆ ಇಟ್ಟು ಎಣಿಸಿದೆ. ನೂರ ಎಂಬತ್ತೊಂದೇ. ಶಶಿಕಲಾ ಕನ್ನಡಕ ಹಾಕಿಕೊಂಡು ಎಣಿಸಿದಳು, ಅವಳಿಗೂ ಅಷ್ಟೇ ಬಂತು. ಈ ಸಲ ಅವಳು ನನ್ನ ಹೊಟ್ಟೆಯ ವಿಷಯ ಎತ್ತಲಿಲ್ಲ. ಎದ್ದು ಹೋಗಿ ದೇವರ ಮುಂದೆ ದೀಪ ಹಚ್ಚಿದಳು.

ವರದಿಯಲ್ಲಿ ನಾನು 'ಎಣಿಕೆ ಸರಿಯಿದೆ' ಎಂದು ಬರೆದೆ. ಇಪ್ಪತ್ತೈದು ವರ್ಷ ವಿಜ್ಞಾನ, ನಿಯಮ ಎಂದು ಭಾಷಣ ಮಾಡಿದವನು 'ಒಂದು ಪಿಶಾಚಿ ಕವಾಯತಿಗೆ ಸಕಾಲದಲ್ಲಿ ಹಾಜರಾಗಿತ್ತು' ಎಂದು ಹೇಗೆ ಬರೆಯಲಿ? ಸುನೀತಾತಾಯಿಗೆ ಈ ಸಂಕಟವಿರಲಿಲ್ಲ. "ಇರಲಿ ಬಿಡಿ ಸಾಹೇಬ್. ನಮ್ಮ ಜೊತೆ ನಿಲ್ಲತೇನಂದ್ರ ನಿಲ್ಲಲಿ. ಕುಣಾಲಾ ತ್ರಾಸ್ ನಾಹಿ," ಯಾರಿಗೂ ತೊಂದರೆಯಿಲ್ಲವಲ್ಲ ಎಂದಳು. ಯಾವಾಗಲೋ ಇಲ್ಲಿ ಕೆಲಸ ಮಾಡಿದವನೇ ಇರಬೇಕು, ಸೈರನ್ ಕೇಳಿ ಓಡಿ ಬರುತ್ತಾನೆ ಎಂದು ಕಾರ್ಮಿಕರು ತಮ್ಮತಮ್ಮಲ್ಲೇ ತೀರ್ಮಾನಿಸಿದರು. ಕೊನೆಯ ಸಾಲಿನ ತುದಿಯಲ್ಲಿ ಒಬ್ಬರು ನಿಲ್ಲುವಷ್ಟು ಜಾಗವನ್ನು ತಾವಾಗಿಯೇ ಬಿಡತೊಡಗಿದರು.

ಮೇ ತಿಂಗಳು ಬಂತು. ನಾಗಪುರದ ಮೇ ತಿಂಗಳ ಬಗ್ಗೆ ಹೇಳಬೇಕಾಗಿಲ್ಲ, ನೆರಳಿಗೂ ಬೆವರು ಬರುವ ಕಾಲ. ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮುಂಚೆ ಬಣ್ಣದ ವಿಭಾಗದ ವಿದ್ಯುತ್ ಫಲಕದಿಂದ ದಟ್ಟ ಹೊಗೆ ಎದ್ದಿತು. ಇದು ಅಣಕಲ್ಲ. ಸೈರನ್ ಕೂಗಿತು. ಎಲ್ಲರೂ ಓಡಿ ಬಂದು ಮರದ ಬಳಿ ಸಾಲು ನಿಂತರು. ನಾನು ಎಣಿಸಿದೆ, ಸುನೀತಾತಾಯಿ ಎಣಿಸಿದಳು. ಹಾಜರಿ ನೂರ ತೊಂಬತ್ತು, ಎಣಿಕೆ ನೂರ ತೊಂಬತ್ತು.

"ಬರೋಬರ್!" ಎಂದರು ನಮ್ಮ ಪ್ಲಾಂಟಿನ ಮುಖ್ಯಸ್ಥರು. ಅವರನ್ನು ಎಲ್ಲರೂ ಬಡೇ ಸಾಹೇಬ್ ಎನ್ನುತ್ತಾರೆ. "ಎಲ್ಲರೂ ಹೊರಗೆ ಬಂದಿದ್ದಾರೆ. ಇನ್ನು ಅಗ್ನಿಶಾಮಕದವರು ನೋಡಿಕೊಳ್ತಾರೆ."

ಸುನೀತಾತಾಯಿ ನನ್ನ ಮುಖ ನೋಡಿದಳು. ನಾನು ಕೊನೆಯ ಸಾಲಿನ ತುದಿಯಲ್ಲಿ ಬಿಟ್ಟಿದ್ದ ಜಾಗದ ಕಡೆ ನೋಡಿದೆ.

"ಸರ್, ಒಬ್ಬರು ಕಡಿಮೆ ಇದ್ದಾರೆ," ಎಂದೆ.

"ಲೆಕ್ಕ ಸರಿ ಇದೆಯಲ್ಲ?"

"ಸರಿ ಇದೆ ಸರ್. ಅದಕ್ಕೇ."

ಬಿಸಿಲಿಗೆ ನನ್ನ ತಲೆ ಕೆಟ್ಟಿದೆ ಎಂದುಕೊಂಡಿರಬೇಕು, ಅವರು ನೀರಿನ ಬಾಟಲಿ ಮುಂದೆ ಹಿಡಿದರು. ನಾನು ಅದನ್ನು ತೆಗೆದುಕೊಳ್ಳಲಿಲ್ಲ. ಉಸಿರಾಟದ ಮುಖವಾಡ ತೊಟ್ಟು ಸಿದ್ಧರಾಗಿದ್ದ ನಮ್ಮ ರಕ್ಷಣಾ ತಂಡದ ಇಬ್ಬರಿಗೆ ಬಣ್ಣದ ವಿಭಾಗದ ಪ್ರತಿ ಟ್ಯಾಂಕಿನೊಳಗೂ ನೋಡಿ ಬನ್ನಿ ಎಂದು ಕೂಗಿದೆ. ಇತ್ತ ಸುನೀತಾತಾಯಿ ಹೆಸರು ಕರೆಯತೊಡಗಿದಳು. ಅವಳ ಪಟ್ಟಿ ಅರ್ಧಕ್ಕೆ ಬರುವ ಮೊದಲೇ ಒಳಗೆ ಹೋದವರು ನಾಮದೇವನೆಂಬ ಕಾರ್ಮಿಕನನ್ನು ಹೊತ್ತು ತಂದರು. ಅವನು ಮೂರನೆಯ ಟ್ಯಾಂಕಿನೊಳಗೆ ಬಣ್ಣ ಬಳಿಯುತ್ತಿದ್ದವನು ಅದರ ಆವಿಗೆ ಮೂರ್ಛೆ ಹೋಗಿ ಬಿದ್ದಿದ್ದ. ಸೈರನ್ ಕೇಳುವ ಸ್ಥಿತಿಯಲ್ಲೇ ಇರಲಿಲ್ಲ. ಇನ್ನೊಂದು ಹತ್ತು ನಿಮಿಷ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಐದನೆಯ ದಿನ ಅವನು ಎದ್ದು ಕೂತು ತಿನ್ನಲು ಪೋಹೆ, ಅಂದರೆ ಅವಲಕ್ಕಿ, ಕೇಳಿದನಂತೆ.

ನಿಯಮದಂತೆ ಟ್ಯಾಂಕಿನ ಹೊರಗೆ ನಿಂತು ಒಳಗಿನವನನ್ನು ಕಾಯಬೇಕಾಗಿದ್ದವನು ಗಜಾನನ. ಅವನನ್ನು ಯಾರೋ ಡಬ್ಬ ಸಾಗಿಸಲು ಕರೆದಿದ್ದರು, ನಾಮದೇವ ತಾನಾಗಿ ಹೊರಗೆ ಬಂದಿರಬಹುದೆಂದು ಅವನು ಸೈರನ್ನಿಗೆ ಓಡಿದ್ದ. ತನಿಖೆ ನಡೆಸಿದವನು ನಾನೇ. 'ಕಾವಲಿನವನ ನಿರ್ಲಕ್ಷ್ಯ' ಎಂದು ಬರೆದೆ. ಗಜಾನನನಿಗೆ ಎಚ್ಚರಿಕೆ ಪತ್ರ ಹೋಯಿತು. ನನಗೆ 'ಸಮಯಪ್ರಜ್ಞೆ'ಗಾಗಿ ಪ್ರಶಸ್ತಿ ಫಲಕ ಬಂತು. ವೇದಿಕೆಯ ಮೇಲೆ ಬಡೇ ಸಾಹೇಬರು, "ಲೆಕ್ಕ ಸರಿ ಬಂದರೂ ಅನುಮಾನಿಸುವುದೇ ಸುರಕ್ಷತೆ," ಎಂದಾಗ ಕೆಳಗೆ ಕೂತವರು ಅದನ್ನು ಬರೆದುಕೊಂಡರು.

ಫಲಕ ನೋಡಿ ಶಶಿಕಲಾ ಕೇಳಿದಳು: "ಜಾಗಾ ಬಿಟ್ಟು ನಿಲ್ಲಸ್ತಿದ್ರಲ್ಲ, ಆ ಮನಷ್ಯಾಗ ಒಂದ ಮಾತ ಹೇಳಿದ್ರೇನು?"

ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಕಾರ್ಖಾನೆಗೆ ಹೋದೆ. ಬೀಗ ನೋಡಬೇಕು ಎಂದು ಕಾವಲುಗಾರನಿಗೆ ಸುಳ್ಳು ಹೇಳಿ ಬೇವಿನ ಮರದ ಹತ್ತಿರ ನಿಂತೆ. ಕೊನೆಯ ಸಾಲಿನ ತುದಿ ಎಲ್ಲಿ ಬರುತ್ತದೆಂದು ಅಂದಾಜು ಮಾಡಿ, ಆ ಕಡೆ ತಿರುಗಿ ಕೈ ಮುಗಿದು ಕನ್ನಡದಲ್ಲಿ "ಉಪಕಾರ ಆತು" ಎಂದೆ. ಪಾಪ, ವಿದರ್ಭದ ಜೀವ, ಕನ್ನಡ ತಿಳಿಯಲಿಕ್ಕಿಲ್ಲ ಎನಿಸಿ ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದೆ. ಯಾರೋ ಮಾತು ಮುಗಿಯಿತೇ ಎಂದು ಕಾಯುತ್ತಿರುವಾಗ ಇರುತ್ತದಲ್ಲ, ಅಂಥದೊಂದು ಸುಮ್ಮನಿರುವಿಕೆ ಅಲ್ಲಿತ್ತು. ಅದರ ಮುಂದೆ ನಿಲ್ಲಲಾಗಲಿಲ್ಲ. ಯಾರಿಗೂ ಹೇಳದಿದ್ದುದು ಬಾಯಿಗೆ ಬಂತು. ಟ್ಯಾಂಕಿನೊಳಗೆ ಗಾಳಿ ಹಾಯಿಸುವ ಫ್ಯಾನು ಅಂದು ಅಲ್ಲಿರಲೇ ಇಲ್ಲ, ದುರಸ್ತಿಗೆ ಹೋಗಿತ್ತು. 'ಫ್ಯಾನು ನಡೆಯುತ್ತಿದೆ' ಎಂಬ ಸಾಲಿಗೆ ಗುರುತು ಹಾಕಿ ಪರವಾನಗಿಗೆ ಸಹಿ ಮಾಡಿದವನು ನಾನು. ಎ.ಸಿ.ಯ ಕೆಳಗೆ, ಕುರ್ಚಿಯಿಂದ ಏಳದೆ, ಚಹಾ ಕುಡಿಯುತ್ತ.

ಸೋಮವಾರ ಬಡೇ ಸಾಹೇಬರ ಕೋಣೆಗೆ ಹೋಗಿ ವರದಿ ಬದಲಿಸಿದೆ. ಎಚ್ಚರಿಕೆ ಪತ್ರ ಗಜಾನನನ ಕಡತದಿಂದ ನನ್ನ ಕಡತಕ್ಕೆ ಬಂತು. ಬಡ್ತಿಯೂ ಆ ವರ್ಷ ಬೇರೆಯವರ ಮನೆಗೆ ಹೋಯಿತು. ಫಲಕವನ್ನು ವಾಪಸು ಕೊಡಲು ಹೋದರೆ, ಅದರ ಮೇಲೆ ಹೆಸರು ಕೆತ್ತಿದ್ದರಿಂದ ಬೇರೆಯವರಿಗೆ ಕೊಡಲು ಬಾರದು ಎಂದರು. ಅದರಲ್ಲೂ ಹಿರಾಮಣ್ ಎಂದೇ ಇದೆ.

ಅದರ ಮುಂದಿನ ಕವಾಯತಿನಲ್ಲಿ ಹಾಜರಿಗೂ ಎಣಿಕೆಗೂ ತಾಳೆಯಾಯಿತು. ಜನ ಚಪ್ಪಾಳೆ ತಟ್ಟಿದರು. ನಾನು ಒಬ್ಬರನ್ನೂ ಒಳಗೆ ಬಿಡದೆ ಹೆಸರು ಕರೆಸಿದೆ, ಇಪ್ಪತ್ತೆರಡು ಟ್ಯಾಂಕುಗಳಲ್ಲೂ ಟಾರ್ಚು ಹಾಕಿ ನೋಡಿದೆ. ಯಾರೂ ಉಳಿದಿರಲಿಲ್ಲ. ಲೆಕ್ಕ ನಿಜವಾಗಿಯೇ ಸರಿಯಿತ್ತು. "ಗೇಲಾ," ಹೋದ ಎಂದಳು ಸುನೀತಾತಾಯಿ, ಮನೆಯವರೊಬ್ಬರನ್ನು ಬಸ್ಸು ಹತ್ತಿಸಿ ಬಂದವಳ ದನಿಯಲ್ಲಿ. ಕೊನೆಯ ಸಾಲಿನವರು ಆ ಜಾಗವನ್ನು ಇನ್ನೂ ಮುಚ್ಚಿಲ್ಲ. ಮುಚ್ಚಿ ಎಂದು ನಾನೂ ಹೇಳಿಲ್ಲ.

ಈಗ ಪ್ರತಿ ಪರವಾನಗಿಗೂ ನಾನೇ ಟ್ಯಾಂಕಿನ ಬಾಯಿಯಲ್ಲಿ ನುಸುಳಿ ನೋಡಿ ಬರುತ್ತೇನೆ. ಹೊರಗೆ ಕಾವಲಿಗೆ ಗಜಾನನನೇ. ಮೊನ್ನೆ ಹಿಂದಕ್ಕೆ ಬರುವಾಗ ನಡುವಿಗೆ ಸಿಕ್ಕಿಕೊಂಡೆ. ತಲೆ ಒಳಗೆ, ಕಾಲು ಹೊರಗೆ. ಗಜಾನನ ನನ್ನ ಬೂಟು ಹಿಡಿದು ಎಳೆಯುತ್ತ, ಬಲು ವಿನಯದಿಂದ, ಸ್ವಲ್ಪದರಲ್ಲಿ ತಪ್ಪಿದ ಅಪಘಾತಗಳ ಫಾರ್ಮು ತುಂಬಬೇಕೇ ಎಂದು ಕೇಳಿದ. ತುಂಬು ಎಂದು ಒಳಗಿನಿಂದಲೇ ಕೂಗಿದೆ. ಕಾರಣವನ್ನು ಏನೆಂದು ಬರೆಯುತ್ತಾನೋ ಎಂಬ ಆತಂಕವಿತ್ತು, ಹೊಟ್ಟೆಯ ಹೆಸರು ದಾಖಲೆಗೆ ಹೋಗುವುದು ಯಾರಿಗೆ ಇಷ್ಟ? ಹೊರಗೆ ಬಂದು ಧೂಳು ಕೊಡವಿಕೊಂಡು ಓದಿದೆ. ಸೊಟ್ಟ ಅಕ್ಷರಗಳಲ್ಲಿ ಅವನು ಬರೆದಿದ್ದ: 'ಕಾರಣ: ಸಾಹೇಬರು ಖುದ್ದಾಗಿ ನೋಡಲು ಹೋದದ್ದು.'

ಈ ಸಲ ಪೂರ್ತಿ ಓದಿ ಸಹಿ ಹಾಕಿದೆ.