ಮೂರೂರು ಸಂಘದ ಮಹದೇವಿಯರು

ಮೂರೂರು ರೇಷ್ಮೆಗೂಡು ಬೆಳೆಗಾರರ ಸಹಕಾರ ಸಂಘವು ಸಂಪೂರ್ಣ ಡಿಜಿಟಲ್ ಆಗಿದೆಯೆಂಬುದನ್ನು ಕೊಳ್ಳೇಗಾಲ, ಹನೂರು ಮತ್ತು ಯಳಂದೂರಿನ ಸಮಸ್ತ ಸದಸ್ಯರ ಗಮನಕ್ಕೆ ಈ ಮೂಲಕ ತರಲಾಗಿದೆ. ಹಾಗೆಂದು ಸಂಘದ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾರೆ.

ಸದಸ್ಯನಾಗಿ ನಾನು ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ. ನಮ್ಮಲ್ಲಿ ಗೂಡಿನ ವ್ಯಾಪಾರ ನಡೆಯುವುದು ಟವಲಿನ ಕೆಳಗೆ. ಬೆಳೆದವರೂ ಗೂಡು ಕೊಂಡು ನೂಲು ತೆಗೆಯುವ ರೀಲರೂ ಟವಲಿನೊಳಗೆ ಕೈಯಿಟ್ಟು, ಬೆರಳು ಅದುಮಿ ರೇಟು ಕುದುರಿಸುತ್ತಾರೆ, ಪಕ್ಕದವನಿಗೆ ತಿಳಿಯಬಾರದು. ವ್ಯಾಪಾರ ದಾಖಲಿಸುವ ಹೊಸ ಟ್ಯಾಬ್ ಬಂದಾಗ ಅದನ್ನು ತಂದ ಕನ್ಸಲ್ಟೆಂಟರು ಟವಲ್ ತೆಗೆಯಿರಿ ಎಂದರು. ಸದಸ್ಯರು ಟ್ಯಾಬ್ ತೆಗೆಯಿರಿ ಎಂದರು. ಆದರೆ ಟ್ಯಾಬಿನ ಉದ್ಘಾಟನೆ ಮುಗಿದು, ಮೈಸೂರುಪಾಕು ಎಲ್ಲರ ಹೊಟ್ಟೆ ಸೇರಿಯಾಗಿತ್ತು. ಕಾರ್ಯದರ್ಶಿ ಶಿವನಂಜಯ್ಯನವರು ಬಹಳ ಯೋಚಿಸಿ ಆದೇಶ ಹೊರಡಿಸಿದರು: "ಇನ್ನು ಮುಂದೆ ಟ್ಯಾಬನ್ನು ಟವಲಿನ ಕೆಳಗೇ ಬಳಸತಕ್ಕದ್ದು."

ಗೂಡು ಮಾರುವವರ ಹೆಸರು ಒತ್ತಿದರೆ ಟ್ಯಾಬ್ ಅವರ ಮುಖ ಕೇಳುತ್ತದೆ, ಮೊದಲು ಕಂಡ ಮುಖವನ್ನು ಆ ಹೆಸರಿಗೆ ಸೇರಿಸಿಕೊಳ್ಳುತ್ತದೆ. ಆದ್ದರಿಂದ ಕೈಯ ಹಿಂದೆಯೇ ತಲೆಯೂ ಒಳಗೆ ಹೋಯಿತು. ರೀಲರನ ತಲೆ, ಬಟನ್ ಒತ್ತುವ ಶಿವನಂಜಯ್ಯನವರ ತಲೆ ಎಲ್ಲವೂ ಸೇರಿ ಟವಲ್ ಸಾಲದಾಯಿತು. ಸಂಘವು ‘ಡಿಜಿಟಲ್ ಮೂಲಸೌಕರ್ಯ’ದ ಅಡಿಯಲ್ಲಿ ಒಂದು ಜಮಖಾನ ಖರೀದಿಸಿತು.

ಜಮಖಾನ ಬಂದ ವಾರವೇ ಹನೂರು ಕಡೆಯ ಮಹದೇವಿ ಗೂಡಿನ ಮೂಟೆ ಹೊತ್ತು ಬಸ್ಸಿಳಿದರು. ಗೂಡು ಬಲಿತುಹೋಗಿತ್ತು. ಅಂದೇ ಮಾರದಿದ್ದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ತೂತುಗೂಡಿನಿಂದ ನೂಲು ತೆಗೆಯಲಾಗದು, ರೀಲರು ಅದನ್ನು ಮುಟ್ಟುವುದೂ ಇಲ್ಲ. ಆಕೆಯ ಒಂದು ಬೆಳೆಯ ದುಡಿಮೆಯೆಲ್ಲ ಆ ಮೂಟೆಯಲ್ಲಿತ್ತು. ಮಹದೇವಿ, ರೀಲರ್ ಶಾಂತರಾಜು, ಶಿವನಂಜಯ್ಯ ಮೂವರೂ ಮೂಟೆಸಮೇತ ಜಮಖಾನದೊಳಗೆ ತೂರಿಕೊಂಡರು.

"ಮುಖ ಕಾಣುತ್ತಿಲ್ಲ" ಎಂದಿತು ಟ್ಯಾಬ್.

"ನಾನೇ ಕನ ಸಾ ಮಾದೇವಿ. ಇನ್ನೆಂಗ್ ತೋರ್ಸನ ಮೊಖವ?"

"ನೀವು ಮಾದೇವಿ ಅಂತ ನಂಗೊತ್ತು ಕಣಮ್ಮ. ಅದಕ್ಕೆ ಗೊತ್ತಾಗ್ಬೇಕಲ್ಲ?" ಎಂದರು ಶಿವನಂಜಯ್ಯ.

"ಜಮಖಾನ ವಸಿ ಎತ್ತುದ್ರೆ ಬೆಳಕು ಬತ್ತದ" ಎಂದರು ಶಾಂತರಾಜು.

"ಎತ್ತೋಕೆ ರೂಲ್ಸಲ್ಲಿ ಅವಕಾಶ ಇಲ್ಲ."

ಮಧ್ಯಾಹ್ನ ಕಳೆಯಿತು. ಒಳಗಿನ ಸೆಕೆಗೆ ಮೂವರೂ ಬೆಂದುಹೋದರು. "ಗೂಡು ತೂತು ಬಿದ್ರೆ ನಾನ್ ಕೆಟ್ಟೆ ಕನ ಸಾ" ಎಂದು ಮಹದೇವಿ ಗೋಗರೆದರು. ನಿಜ ಹೇಳಬೇಕೆಂದರೆ ಹೊರಗೆ ನಿಂತು ಅಂಚಿನ ಸಂದಿಯಿಂದ ಇಣುಕುತ್ತಿದ್ದ ನನಗೂ ಸಂಕಟವಾಯಿತು. ಅಷ್ಟರಲ್ಲಿ ಅವಸರದ ಚಿಟ್ಟೆಯೊಂದು ಗೂಡು ಸೀಳಿ ಹೊರಬಂದು, ತೆವಳಿಕೊಂಡು ಹೋಗಿ ಟ್ಯಾಬಿನ ಕ್ಯಾಮೆರಾದ ಮೇಲೆ ಕೂತಿತು.

"ಸ್ವಾಗತ, ಮಹದೇವಿ" ಎಂದಿತು ಟ್ಯಾಬ್.

ಮಹದೇವಿಯ ಗೂಡಿನ ಲಾಟ್ ಮಾರಾಟವಾಯಿತು. ಚಿಟ್ಟೆಯನ್ನು ಹೇಗೆ ಸದಸ್ಯರೆಂದು ಒಪ್ಪಿದಿರಿ ಎಂದು ಯಾರೋ ಕೇಳಿದ್ದಕ್ಕೆ, ಮುಖದ ವಿಚಾರ ಯಂತ್ರಕ್ಕೆ ವಹಿಸಿರುವುದರಿಂದ ಮನುಷ್ಯರು ಕಣ್ಣು ಹಾಕುವಂತಿಲ್ಲ ಎಂದು ಶಿವನಂಜಯ್ಯನವರು ಸ್ಪಷ್ಟಪಡಿಸಿದರು.

ಮರುದಿನ ಯಳಂದೂರಿನ ಶಿವಯ್ಯನವರ ಮುಖವೂ ಕಾಣಲಿಲ್ಲ. ಅವರೂ ಒಂದು ಚಿಟ್ಟೆ ತೋರಿಸಿದರು. "ಸ್ವಾಗತ, ಮಹದೇವಿ" ಎಂದಿತು ಟ್ಯಾಬ್. ಅವರ ಲಾಟೂ ಮಾರಾಟವಾಯಿತು. ಅಲ್ಲಿಂದಾಚೆಗೆ ಮೂರು ತಾಲ್ಲೂಕಿನ ಬೆಳೆಗಾರರೂ ಬೆಂಕಿಪೊಟ್ಟಣದಲ್ಲಿ ಚಿಟ್ಟೆ ಇಟ್ಟುಕೊಂಡು ಬಂದು ಮಹದೇವಿಯಾಗಿ ಗೂಡು ಮಾರತೊಡಗಿದರು. ದುಡ್ಡೆಲ್ಲ ಮಹದೇವಿಯ ಖಾತೆಗೇ ಬೀಳುತ್ತಿದ್ದುದರಿಂದ ಆಕೆ ಸಂಘದ ಜಗಲಿಯಲ್ಲಿ ಕೂತು ಅವರವರದನ್ನು ಅವರವರಿಗೆ ಹಂಚುತ್ತಿದ್ದರು. ಆ ಜಗಲಿಗೆ ‘ಸದಸ್ಯ ಸೇವಾ ಕೇಂದ್ರ’ ಎಂದು ಬೋರ್ಡು ಬಿತ್ತು.

ವಾರ್ಷಿಕ ಸಭೆಯಲ್ಲಿ ಕನ್ಸಲ್ಟೆಂಟರು ವರದಿ ಓದಿದರು: "ತಂತ್ರಜ್ಞಾನದ ಅಳವಡಿಕೆಯಿಂದ ಸಂಘದ ವಹಿವಾಟಿನಲ್ಲಿ ಮಹಿಳೆಯರ ಪಾಲು ನೂರಕ್ಕೆ ನೂರಾಗಿದೆ." ಮೀಸೆಯಿದ್ದ ಮಹದೇವಿಯರೇ ಹೆಚ್ಚು ಜೋರಾಗಿ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮುಂದಿನ ಬೆಳೆ ಹೊತ್ತುಕೊಂಡು ಮಹದೇವಿ ಬಂದಾಗ ಟ್ಯಾಬ್ ಬೇರೆಯೇ ಮಾತಾಡಿತು: "ಮಹದೇವಿ, ಈ ವರ್ಷ ನಿಮ್ಮ ಮಾರಾಟದ ಮಿತಿ ಮುಗಿದಿದೆ." ಈ ಸಲವೂ ಗೂಡು ಬಲಿತಿತ್ತು.

"ನಾನ್ ಮಾರಿದ್ದು ಒಂದೇ ಮೂಟೆ ಕನ ಸಾ."

"ನೀವು ಒಂದೇ. ಮಹದೇವಿ ಸಾವಿರಾರು ಮೂಟೆ ಮಾರವ್ರೆ" ಎಂದು ಶಿವನಂಜಯ್ಯನವರು ಅತ್ಯಂತ ಮರುಕದಿಂದ ಹೇಳಿದರು. ಆಮೇಲೆ ಟ್ಯಾಬಿನಲ್ಲಿ ಸದಸ್ಯರ ಪಟ್ಟಿಯನ್ನು ಕೆಳಗೆ ಮೇಲೆ ತಳ್ಳಿ ನೋಡಿ, "ಶಿವಯ್ಯ ಖಾಲಿ ಅವ್ರೆ. ಆ ಹೆಸರಿಗೆ ಇನ್ನೂ ಮುಖ ಸೇರಿಲ್ಲ. ಆಗ್ತೀರಾ?" ಎಂದರು.

ಸ್ವಂತ ಹೆಸರಿನಲ್ಲಿ ಸ್ವಂತ ಗೂಡು ಮಾರಲಾಗದ್ದಕ್ಕೆ ಮಹದೇವಿಗೆ ಬೇಜಾರಾಯಿತು. ಆದರೆ ಮೂಟೆಯೊಳಗೆ ಹುಳು ಕಾಯುವುದಿಲ್ಲವಲ್ಲ. "ಆಯ್ತೀನಿ ಬುಡಿ" ಎಂದು ಜಮಖಾನದೊಳಗೆ ಹೋದರು. ಒಂದು ದಿನವೂ ಆಕೆಯ ಮುಖ ಕಾಣದಿದ್ದ ಟ್ಯಾಬಿಗೆ ಈಗ ನೋಡಿದ ತಕ್ಷಣ ಕಂಡಿತು. "ಸ್ವಾಗತ, ಶಿವಯ್ಯ."

ಗೂಡು ಇಟ್ಟುಕೊಂಡು ಸರದಿಯಲ್ಲಿದ್ದ ಯಳಂದೂರಿನ ಶಿವಯ್ಯನವರಿಗೆ ಗಾಬರಿಯಾಯಿತು. "ಸಾ, ಆಯಮ್ಮ ನಾನಾದ್ರೆ, ನಾನ್ ಯಾರಾಗ್ಲಿ?"

"ಹನುಮಯ್ಯ ಖಾಲಿ ಅವ್ರೆ. ಕೂತಿರಿ."

ಸ್ವಲ್ಪ ಹೊತ್ತಿಗೆ ಜಮಖಾನದೊಳಗಿಂದ ಶಿವನಂಜಯ್ಯನವರು, "ಶಿವಯ್ಯ, ರಸೀದಿ ತಗೊಳ್ಳಿ" ಎಂದು ಕೂಗಿದರು. ಮಹದೇವಿ ರಸೀದಿ ತೆಗೆದುಕೊಂಡು, ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ ಹನೂರಿನ ಬಸ್ಸಿಗೆ ಓಡಿದರು. ಶಿವಯ್ಯನವರು ಬೆಂಚಿನಿಂದ ಕದಲಲಿಲ್ಲ. ಹನುಮಯ್ಯ ಎಂದು ಕರೆದಾಗ ಏಳಬೇಕೆಂದು ಅವರು ಕಿವಿಗೊಟ್ಟು ಕೂತಿದ್ದರು.